ಎರಡನೇ ಭಾಗಕ್ಕೆ ಐದು ನಿಮಿಷ ಮುಂಚೆ

"ಮಾವನವರನ್ನು ಮುಂಬಯಿಯಲ್ಲಿ ನಿಲ್ಲಿಸುವುದು ಏನು ಮಹಾ ಕೆಲಸ? ಒಂದು ಸಿನೆಮಾ ಸಾಕು" ಎಂದು ನೀಲಾ ಗುರುವಾರ ಬೆಳಿಗ್ಗೆ ಹಾಲು ಕಾಯಿಸುತ್ತ ಘೋಷಿಸಿಬಿಟ್ಟಳು. ಘೋಷಣೆಯ ಭರದಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಅದನ್ನೂ ಅವಳು ಶುಭಶಕುನವೆಂದೇ ತಿಳಿದಳು.

ಗಂಡ ಬಸವಂತಪ್ಪ ಬಂದರಿನ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಒಂದೇ ಕಾಲಿಗೆ ಬೂಟು ಹಾಕಿಕೊಂಡು ನಿಂತಿದ್ದ. "ಸಿನೆಮಾ ನೋಡಿ ಊರು ಬಿಟ್ಟವರನ್ನ ನೋಡೀನಿ. ಸಿನೆಮಾ ನೋಡಿ ಊರಾಗ ಉಳದವರನ್ನ ನೋಡಿಲ್ಲ" ಎಂದ.

"ನೋಡ್ತೀರಿ. ಶನಿವಾರ ಮ್ಯಾಟಿನಿ ಮುಗೀಲಿ."

ನೀಲಾಳ ಗಡಿಬಿಡಿಗೂ ಕಾರಣವಿತ್ತು. ಬರುವ ಸೋಮವಾರ ಅವಳು ದಾದರಿನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರ್ತಿಯಾಗಿ ಸೇರಬೇಕಿತ್ತು. ಮೂರನೇ ಇಯತ್ತೆ, ನಲವತ್ತೊಂದು ಮಕ್ಕಳು. ಆ ನಲವತ್ತೊಂದನ್ನು ಸಂಭಾಳಿಸಬಲ್ಲೆ ಎಂಬ ಧೈರ್ಯ ಅವಳಿಗಿತ್ತು. ಅಧೈರ್ಯವೆಲ್ಲ ನಲವತ್ತೆರಡನೆಯದರದ್ದು. ಹತ್ತು ತಿಂಗಳ ಮಗ, ಮುತ್ತಜ್ಜನ ಹೆಸರು ಹೊತ್ತು ತೊಟ್ಟಿಲಲ್ಲಿ ಮಲಗಿದ್ದ ಗದಿಗೆಪ್ಪ. ಆ ಹೆಸರಿಗೆ ಒಂದು ಜೋಡು ಮೀಸೆಯಾದರೂ ಬೇಕಿತ್ತು. ಸದ್ಯಕ್ಕೆ ಎರಡು ಹಲ್ಲು ಮಾತ್ರ ಬಂದಿದ್ದವು.

ಅವನು ಸೀನಿದರೆ ನೀಲಾ ಕಿಟಕಿ ಹಾಕುತ್ತಿದ್ದಳು. ಸೀನದಿದ್ದರೆ ಯಾಕೆ ಸೀನಲಿಲ್ಲವೆಂದು ಹಣೆ ಮುಟ್ಟಿ ನೋಡುತ್ತಿದ್ದಳು. ಇಂಥ ರತ್ನವನ್ನು ಯಾರ ಕೈಯಲ್ಲಿ ಬಿಟ್ಟುಹೋಗುವುದು? ಅತ್ತೆ ಚನ್ನವ್ವ, ಮಾವ ಮುರಿಗೆಪ್ಪ ಇಬ್ಬರೇ. ಎರಡು ತಿಂಗಳ ಹಿಂದೆ ಮೊಮ್ಮಗನನ್ನು ನೋಡಲೆಂದು ಬಂದವರು ವಡಾಲದ ಈ ಎರಡು ಖೋಲಿಯ ಮನೆಯಲ್ಲಿ ಉಳಿದಿದ್ದರು. ಆದರೆ ಬುಧವಾರ ಸಂಜೆ ಮಾವನವರು ಮಂಚದ ಕೆಳಗಿನಿಂದ ಪ್ರಯಾಣದ ಹಾಸಿಗೆ ಸುತ್ತುವ ಹೋಲ್ಡಾಲ್ ಎಳೆದು ಅದರ ಚರ್ಮದ ಪಟ್ಟಿಗಳಿಗೆ ಎಣ್ಣೆ ಸವರಿದ್ದನ್ನು ನೀಲಾ ಕಣ್ಣಾರೆ ಕಂಡಿದ್ದಳು.

"ಬಂದ ಕೆಲಸಾ ಆತು. ಪರದೇಶದಾಗ ಎಷ್ಟ ದಿನಾ ಅಂತ ಇರೂದು?" ಎಂದಿದ್ದರು.

ಮುರಿಗೆಪ್ಪನವರಿಗೆ ಮುಂಬಯಿ ಪರದೇಶವೇ. ಮೂವತ್ತೆರಡು ವರ್ಷ ರೈಲ್ವೆಯಲ್ಲಿದ್ದು ಗೋಕಾಕದ ಕಡೆ ಸ್ಟೇಷನ್ ಮಾಸ್ತರರಾಗಿ ಪೆನ್ಶನ್ ತೆಗೆದುಕೊಂಡವರು. ಇಲ್ಲಿ ಗಾಡಿ ನಾಲ್ಕು ನಿಮಿಷಕ್ಕೊಂದು ಬರುತ್ತದೆ, ಯಾರೂ ಅದಕ್ಕೆ ಮರ್ಯಾದೆ ಕೊಡುವುದಿಲ್ಲ ಎಂಬುದು ಅವರ ಮುಖ್ಯ ದೂರು.

ಅವರನ್ನು ನಿಲ್ಲಿಸುವ ಉಪಾಯ ಹೇಳಿದವಳು ಪಕ್ಕದ ಮನೆಯ ರಾಜೀವಿ. ಉಡುಪಿಯವಳು, ಗಂಡನಿಗೆ ಮಾಟುಂಗದಲ್ಲಿ ಹೋಟೆಲ್ಲು, ಅವಳಿಗೆ ಸಿನೆಮಾ.

"ನೀಲಾ, ದಾದರಿನಲ್ಲಿ ಒಂದು ಸಿನೆಮಾ ಬಂದುಂಟು ಮಾರಾಯ್ತಿ. ಪೆನ್ಶನ್ ಆದ ಮುದುಕ ಮುದುಕಿಯರೆಲ್ಲ ಕಡಲಾಚೆ ಮೊಂಬಾಸಾಕ್ಕೆ ಮಕ್ಕಳ ಹತ್ತಿರ ಹೋಗಿ ಅಲ್ಲೇ ಸಂಸಾರ ಹೂಡೂದು. ಎಂತ ಕುಶಿ ಅಂತೀಯಾ ಅವರಿಗೆ! ಒಬ್ಬನ ಮೊಣಕಾಲು ನೋವು ಹಡಗು ಇಳಿಯೂದ್ರೊಳಗೆ ವಾಸಿ."

"ನೀ ನೋಡಿದ್ಯಾ?"

"ಮೊದಲನೇ ಭಾಗ ಮೂರು ಸಲ ನೋಡಿದ್ದೇನೆ. ಈಗ ಬಂದದ್ದು ಎರಡನೇ ಭಾಗ. ಮೊದಲನೇದೇ ಅಷ್ಟು ಚಂದ ಇದ್ದ ಮೇಲೆ ಎರಡನೇದು ಕೆಟ್ಟದಿರ್ತದಾ?"

ಆ ಎರಡನೇದರ ಕತೆ ಏನು ಎಂದು ಕಲಿತ ಹೆಂಗಸು ಇಲ್ಲಿ ಕೇಳಬೇಕಿತ್ತು. ಕೇಳಲಿಲ್ಲ. ಪರದೆಯ ಮೇಲಿನ ಪರದೇಶ ನೋಡಿದರೆ ಮಾವನವರಿಗೆ ಈ ಪರದೇಶವೂ ಹಿಡಿಸುತ್ತದೆ ಎಂದು ಅವಳ ಮನಸ್ಸು ಆಗಲೇ ಮಂಡಿಗೆ ಮೆಲ್ಲತೊಡಗಿತ್ತು. ಟಿಕೀಟು ತರಿಸಿಯೇಬಿಟ್ಟಳು.

ಶನಿವಾರ ಮಧ್ಯಾಹ್ನ ಶಾಲೆಗೆ ಸರ್ಟಿಫಿಕೇಟು ಕೊಟ್ಟು ಅಲ್ಲಿಂದಲೇ ಥಿಯೇಟರಿಗೆ ಹೋಗುವುದೆಂದು ನೀಲಾ ಕೂಸನ್ನು ಎತ್ತಿಕೊಂಡು ಮುಂದಾಗಿ ಹೊರಟಳು. ಅತ್ತೆ ಮಾವಂದಿರ ಟಿಕೀಟು ಮಾವನವರ ಕೈಗೆ ಕೊಟ್ಟಳು.

"ಇದು ಎರಡನೇ ಭಾಗ ಮಾವಾರ. ಮೊದಲನೇದು ನೋಡದಿದ್ರೂ ನಡೀತದ. ತಿಳೀತದ."

"ನಡೀತದಲ್ಲ?" ಮುರಿಗೆಪ್ಪನವರು ಕನ್ನಡಕ ಏರಿಸಿ ಟಿಕೀಟು ಹಿಂದೆ ಮುಂದೆ ನೋಡಿದರು. "ಮೊದಲನೇ ಭಾಗ ಎಷ್ಟಕ್ಕ ಮುಗೀತೈತಿ?"

ಆ ಕ್ಷಣಕ್ಕೆ ನೀಲಾಳ ಲಕ್ಷ್ಯ ಗದಿಗೆಪ್ಪನ ಕುತ್ತಿಗೆಯ ಮೇಲೆ ಎದ್ದ ಒಂದು ಕೆಂಪು ಗುಳ್ಳೆಯ ಮೇಲಿತ್ತು. ಸೊಳ್ಳೆಯೋ? ದಡಾರವೋ? ಅತ್ತೆಯವರ ಅನುಕೂಲಕ್ಕೆ ಇಂಟರ್ವಲ್ ಎಷ್ಟಕ್ಕೆಂದು ಕೇಳುತ್ತಿದ್ದಾರೆಂದುಕೊಂಡು, "ನಾಲ್ಕೂ ಇಪ್ಪತ್ತಕ್ಕರೀ" ಎಂದು ಅವಸರದಲ್ಲಿ ಹೇಳಿ ಮೆಟ್ಟಿಲಿಳಿದಳು. ಮಾವನವರು ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು.

ಮೂರು ಗಂಟೆ. ಥಿಯೇಟರಿನ ದೀಪ ಆರಿತು. ಎರಡು ಕುರ್ಚಿ ಖಾಲಿ.

ಮೂರೂ ಹತ್ತು. ನೀಲಾ ಎದ್ದು ಬಾಗಿಲ ತನಕ ಹೋಗಿ ಬಂದಳು. ಮೂರೂವರೆ. ಬಸ್ಸಿನಿಂದ ಬಿದ್ದರೇನೋ. ಮೂರೂ ಮುಕ್ಕಾಲು. ಚೆಂಬೂರಿನ ಬಸ್ಸು ಹತ್ತಿದರೇನೋ. ಮೂವತ್ತೆರಡು ವರ್ಷದಲ್ಲಿ ಒಂದು ನಿಮಿಷ ತಡವಾಗದ ಮನುಷ್ಯ, ಇವತ್ತು ಹೀಗೆಂದರೆ? ಆಸ್ಪತ್ರೆ, ಪೋಲೀಸು, ಗಂಡನಿಗೆ ಏನು ಹೇಳುವುದು, ಎಲ್ಲವೂ ಅವಳ ತಲೆಯೊಳಗೆ ಎರಡನೇ ಪರದೆ ಕಟ್ಟಿ ಓಡತೊಡಗಿದವು.

ಎದುರಿನ ಪರದೆಯ ಮೇಲೆ ಮಾತ್ರ ಸ್ವರ್ಗ ನಡೆದಿತ್ತು. ಮೊಂಬಾಸಾದ ಸಮುದ್ರದ ದಂಡೆಯಲ್ಲಿ ಪೆನ್ಶನ್ನಿನ ಪೋಸ್ಟ್ ಮಾಸ್ತರ ಕೇರಂ ಆಡುತ್ತಿದ್ದ. ಪೆನ್ಶನ್ನಿನ ನರ್ಸು ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಿದ್ದಳು. ಸೊಸೆಯಂದಿರು ಮುತ್ತಿನಂಥವರು. ಮೊಮ್ಮಕ್ಕಳು ಮುದುಕರ ಹೆಗಲೇರಿ ಹಾಡುತ್ತಿದ್ದರು. ನೀಲಾ ಹೇಳಿ ಬರೆಸಿದ್ದರೂ ಇಷ್ಟು ಹೊಂದಿಕೆಯಾಗಿ ಬರುತ್ತಿರಲಿಲ್ಲ. ನೋಡಬೇಕಾದ ಇಬ್ಬರು ಮಾತ್ರ ಇರಲಿಲ್ಲ!

ನಾಲ್ಕೂ ಹದಿನೈದಕ್ಕೆ ಸರಿಯಾಗಿ ಕತ್ತಲಲ್ಲಿ ಮಾವನವರ ತಲೆಯ ರುಮಾಲು ಕಾಣಿಸಿತು. ಹಿಂದಿನಿಂದ ಚನ್ನವ್ವ, ಕೈಯಲ್ಲಿ ಚುರುಮುರಿಯ ಪೊಟ್ಟಣ.

"ಎಲ್ಲಿ ಹೋಗಿದ್ರಿ ಮಾವಾರ? ನನ್ನ ಜೀವ ಅರ್ಧ ಹೋತು."

"ಅರ್ಧಾ ಯಾಕ ಹೋತು? ಐದ ಮಿನಿಟ ಮುಂಚೇನ ಬಂದೇವಿ." ಮುರಿಗೆಪ್ಪನವರು ಗಡಿಯಾರ ತೋರಿಸಿದರು. "ನಮ್ಮ ಟಿಕೀಟು ಎರಡನೇ ಭಾಗದ್ದು. ಮೊದಲನೇ ಭಾಗ ನಾಲ್ಕೂ ಇಪ್ಪತ್ತಕ್ಕ ಮುಗೀತೈತಿ ಅಂತ ನೀನ ಹೇಳಿದಿ. ಇನ್ನೊಬ್ಬರ ಗಾಡ್ಯಾಗ ನಾವು ಯಾಕ ಕೂಡಬೇಕು?"

ನೀಲಾ ಬಾಯಿ ತೆರೆಯುವಷ್ಟರಲ್ಲಿ ಇಂಟರ್ವಲ್ ದೀಪ ಹತ್ತಿತು. ಚನ್ನವ್ವ ಗಂಡನ ಕಡೆ ಹೆಮ್ಮೆಯಿಂದ ನೋಡಿದಳು. ಎಷ್ಟು ಕರಾರುವಾಕ್ಕು!

ಇರಲಿ, ಉಳಿದರ್ಧವಾದರೂ ಇದೆಯಲ್ಲ ಎಂದು ನೀಲಾ ಧೈರ್ಯ ತಂದುಕೊಂಡಳು. ಆ ಧೈರ್ಯ ಬಾಳಿದ್ದು ಆರು ನಿಮಿಷ.

ಇಂಟರ್ವಲ್ ಆದದ್ದೇ ಮೊಂಬಾಸಾದ ಮುತ್ತಿನಂಥ ಸೊಸೆಯಂದಿರು ಒಬ್ಬೊಬ್ಬ ಮುದುಕಿಯ ಕೈಗೆ ಒಂದೊಂದು ಕೂಸು ಕೊಟ್ಟು ನೌಕರಿಗೆ ಹೊರಟರು. ಪೋಸ್ಟ್ ಮಾಸ್ತರನ ಕೈಗೆ ಹಾಲಿನ ಬಾಟಲಿ ಬಂತು. ನರ್ಸಮ್ಮ ಲಂಗೋಟಿ ಒಗೆಯುತ್ತ ಕಣ್ಣೊರೆಸಿಕೊಂಡಳು. "ನಮ್ಮನ್ನ ಕರೆಸಿದ್ದು ಪ್ರೀತಿಗಲ್ಲ, ಆಯಾ ಕೆಲಸಕ್ಕೆ" ಎಂದು ಹಿಂದಿಯಲ್ಲಿ ಒಬ್ಬ ಮುದುಕ ಗುಡುಗಿದ.

"ಏನಂದಾ ಅಂವಾ?" ಚನ್ನವ್ವ ಕೇಳಿದಳು.

"ಹವಾ ಭಾಳ ಚಲೋ ಅದ ಅಂತಾನರೀ" ಎಂದಳು ನೀಲಾ.

"ಅಳಕೋತ ಅಂತಾನಲ್ಲ?"

"ಸಂತೋಷಕ್ಕರೀ."

ಮುರಿಗೆಪ್ಪನವರಿಗೆ ರೈಲ್ವೆಯ ಹಿಂದಿ ಬರುತ್ತಿತ್ತು. ಅವರು ಸೊಸೆಯ ಕಡೆ ಒಮ್ಮೆ ನೋಡಿದರು. ನೀಲಾ ಕೊನೆಯ ಅಸ್ತ್ರವೆಂದು ಗದಿಗೆಪ್ಪನನ್ನೇ ಎತ್ತಿ ಅವರ ತೊಡೆಯ ಮೇಲೆ ನಿಲ್ಲಿಸಿದಳು. ಪರದೆಗೆ ಅಡ್ಡವಾಗಲಿ ಎಂಬ ಲೆಕ್ಕ. ಗದಿಗೆಪ್ಪ ಅಜ್ಜನ ರುಮಾಲಿನ ತುದಿ ಹಿಡಿದು ಎಳೆದ. ಸುತ್ತು ಬಿಚ್ಚಿತು. ಇನ್ನೊಂದು ಎಳೆದ. ಹಿಂದಿನ ಸಾಲಿನವರು ಅಷ್ಟು ಹೊತ್ತಿನಿಂದ "ಕಾಕಾ, ಫೇಟಾ ಕಾಢಾ" ಎಂದು ರುಮಾಲು ತೆಗೆಯಲು ಮರಾಠಿಯಲ್ಲಿ ಬೇಡಿಕೊಳ್ಳುತ್ತಿದ್ದವರು ಈಗ ಚಪ್ಪಾಳೆ ತಟ್ಟಿದರು. ಹನ್ನೆರಡು ಮೊಳದ ರುಮಾಲು ಮೂರು ಕುರ್ಚಿಗಳ ಮೇಲೆ ಹರಿದು, ಚುರುಮುರಿಯನ್ನು ಬಾಚಿಕೊಂಡು, ಮುಂದಿನ ಸಾಲಿನ ಒಬ್ಬ ಹೆಂಗಸಿನ ತುರುಬಿಗೆ ತೊಡರಿಕೊಂಡಿತು.

"ಮಾವಾರ, ಹೋಗೋಣ. ಕೂಸು ಕಿರಿಕಿರಿ ಮಾಡ್ಲಿಕತ್ತದ."

"ಗಾಡಿ ಮುಟ್ಟೂತನಕಾ ಇಳೀಬಾರದು" ಎಂದರು ಬೋಳುತಲೆಯ ಮುರಿಗೆಪ್ಪನವರು, ಕಣ್ಣು ಕದಲಿಸದೆ.

ಗಾಡಿ ಮುಟ್ಟಿತು. ಪರದೆಯ ಮುದುಕರೆಲ್ಲ ಹಾಸಿಗೆ ಸುತ್ತಿ, ಕೂಸುಗಳನ್ನು ಸೊಸೆಯಂದಿರ ಮಡಿಲಿಗೆ ಹಾಕಿ, ಸಾಲಾಗಿ ಬಂದರಿಗೆ ನಡೆದರು. ಹಡಗು ಕೂಗಿತು. ಆಗ ಮುರಿಗೆಪ್ಪನವರು ಎದ್ದು ನಿಂತು, ಜೇಬಿನಿಂದ ಹಸಿರು ಕರವಸ್ತ್ರ ತೆಗೆದು, ಮೂವತ್ತೆರಡು ವರ್ಷದ ರೂಢಿಯಂತೆ ಆ ಹಡಗಿಗೆ ನಿಶಾನೆ ತೋರಿಸಿ ಬೀಳ್ಕೊಟ್ಟರು. ಇಡೀ ಥಿಯೇಟರು ಸಿಳ್ಳೆ ಹೊಡೆಯಿತು. ನೀಲಾ ಮುಖವನ್ನು ಕೂಸಿನ ಟೊಪ್ಪಿಗೆಯೊಳಗೆ ಹುದುಗಿಸಿದಳು.

ಮನೆಗೆ ಬಂದಾಗ ಬಸವಂತಪ್ಪ ಕೇಳಿದ, "ಹೆಂಗಿತ್ತು?"

"ಭಾಳ ಚಲೋ ಇತ್ತು" ಎಂದರು ಮುರಿಗೆಪ್ಪನವರು. ಮತ್ತೆ ಮಂಚದ ಕೆಳಗಿನಿಂದ ಹೋಲ್ಡಾಲ್ ಎಳೆದರು.

ಬಸವಂತಪ್ಪ ಹೆಂಡತಿಯ ಕಡೆ ನೋಡಿ ಹುಬ್ಬು ಕುಣಿಸಿದ. ಮದುವೆಯಾದ ಮೂರು ವರ್ಷದಲ್ಲಿ ಅವನ ಹುಬ್ಬಿನ ಮೇಲೆ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ರವಿವಾರ ಬೆಳಿಗ್ಗೆ ಹೋಲ್ಡಾಲ್ ಕಟ್ಟಿ ಬಾಗಿಲ ಹತ್ತಿರ ನಿಂತಿತು. ನೀಲಾ ಅದನ್ನು ದಾಟಿ ಅಡಿಗೆಮನೆಗೆ ಹೋದಳು. ದಾಟಿ ಹೊರಗೆ ಬಂದಳು. ಶಾಲೆಗೆ "ಬರಲಾರೆ" ಎಂದು ಬರೆಯಬೇಕಾದ ಚೀಟಿಯ ಒಕ್ಕಣೆ ಮನಸ್ಸಿನಲ್ಲಿ ಎರಡು ಸಲ ಬರೆದು ಹರಿದಳು. ಕೊನೆಗೆ ಅಳು ಬಂತು. ರೊಟ್ಟಿ ಬಡಿಯುತ್ತಿದ್ದ ಚನ್ನವ್ವ ಕೈ ನಿಲ್ಲಿಸಿದಳು.

"ಯಾಕವಾ ನೀಲವ್ವಾ?"

"ಏನಿಲ್ಲರೀ. ಉಳ್ಳಾಗಡ್ಡಿ."

"ಉಳ್ಳಾಗಡ್ಡಿ ಹೆಚ್ಚೇ ಇಲ್ಲಲ್ಲ ಇನ್ನೂ." ಚನ್ನವ್ವ ಕೈ ಒರೆಸಿಕೊಂಡು ಹತ್ತಿರ ಬಂದಳು. "ಆ ಸಿನೆಮಾದಾಗಿನ ಸೊಸಿ ಇದ್ದಳಲ್ಲ, ದಡ್ಡಿ ಅಕಿ. ಒಂದ ಮಾತು ಅಂದಿದ್ರ ಅವರು ಹಡಗಾ ಹತ್ತತಿದ್ದಿಲ್ಲ."

"ಯಾವ ಮಾತರೀ?"

"ಎರಡ ತಿಂಗಳಾತು ನಾವು ಬಂದು. ಹವಾ ಚಲೋ ಐತಿ ಅಂದಿ. ಮೊಣಕಾಲಿಗೆ ಚಲೋ ಅಂದಿ. ಸಿನೆಮಾ ತೋರಿಸಿದಿ. 'ಇರ್ರಿ' ಅಂತ ಒಂದ ಮಾತು ನಿನ್ನ ಬಾಯಾಗ ಬಂತೇನು? ಅನ್ನಲಾರದ ಉಳಿಯಾಕ ನಾವೇನು ಭಿಕ್ಷಾ ಬೇಡಾವ್ರೇನು?"

ನೀಲಾ ದಂಗಾದಳು. ಅವಳು ಓದಿದ ಶಾಲೆಯಲ್ಲಿ ಮರಾಠಿ, ಇಂಗ್ಲಿಷು, ಭೂಗೋಳ ಎಲ್ಲ ಕಲಿಸಿದ್ದರು. ಹಿರಿಯರಿಗೆ ಹೀಗೆ ಕೆಲಸ ಹೇಳಿದಂತಾಗುತ್ತದೆಯೋ ಏನೋ, ಒಲ್ಲೆ ಅಂದುಬಿಟ್ಟರೆ ಎಂದು ಹೆದರಿ, ಸುತ್ತು ಬಳಸಿ ಮೊಂಬಾಸಾದ ತನಕ ಹೋಗಿ ಬಂದಿದ್ದಳೇ ಹೊರತು, ಆ ಎರಡಕ್ಷರ ಅವಳ ನಾಲಿಗೆಗೆ ಬಂದಿರಲಿಲ್ಲ. ಹೊರಗಿನ ಖೋಲಿಗೆ ಹೋದಳು. ಮಾವನವರು ಹೋಲ್ಡಾಲ್ ಮೇಲೆ ಕೂತು ವರ್ತಮಾನಪತ್ರಿಕೆ ಓದುತ್ತಿದ್ದರು.

"ಮಾವಾರ... ಇರ್ರಿ. ನೀವಿಲ್ಲದಿದ್ರ ನನಗ ಆಗೂದಿಲ್ಲ. ಕೂಸಿನ್ನ ನಿಮ್ಮ ಕೈಯಾಗ ಬಿಟ್ರನ ನನಗ ಪಾಠಾ ಕಲಿಸ್ಲಿಕ್ಕೆ ಧೈರ್ಯ."

ಮುರಿಗೆಪ್ಪನವರು ಪತ್ರಿಕೆ ಮಡಿಸಿದರು. ಎದ್ದು, ಹೋಲ್ಡಾಲಿನ ಒಂದು ಪಟ್ಟಿ ಬಿಚ್ಚಿದರು.

"ಅಡ್ಡಿ ಇಲ್ಲ" ಎಂದರು. ಎರಡನೇ ಪಟ್ಟಿಗೆ ಕೈ ಹಾಕಿ ತಡೆದರು. "ಆದ್ರ ನಾಳೆ ಮೂರರಿಂದ ನಾಲ್ಕೂ ಇಪ್ಪತ್ತರ ತನಕಾ ಕೂಸು ನಿನ್ನ ಚಾರ್ಜಿನಾಗ."

"ಯಾಕರೀ?"

"ಮೊದಲನೇ ಭಾಗ ನೋಡೂದೈತಿ. ಅರ್ಧಾ ನೋಡಿ ಬಿಡೂದು ಶಿಸ್ತಲ್ಲ. ಇಂಟರ್ವಲ್‌ಗೆ ಎದ್ದ ಬರ್ತೇವಿ. ಅಲ್ಲಿಂದ ಮುಂದ ನೋಡೇವಲ್ಲ."

"ನಾಳೆ ನನ್ನ ಮೊದಲನೇ ದಿನಾ ಮಾವಾರ."

"ಅದಕ್ಕ ಹೇಳಾಕತ್ತೇನಿ, ಬರೇ ಒಂದು ತಾಸು ಇಪ್ಪತ್ತು ಮಿನಿಟು."

ಸೋಮವಾರ ಎರಡೂ ಐವತ್ತಕ್ಕೆ ಶಾಲೆಯ ಗೇಟಿನಲ್ಲಿ ಗದಿಗೆಪ್ಪನ ಹಸ್ತಾಂತರವಾಯಿತು. ಮೂರೂವರೆಗೆ ಹೆಡ್ ಬಾಯಿಯವರು ತಪಾಸಣೆಗೆ ಬಂದಾಗ ಹೊಸ ಮಾಸ್ತರ್ತಿ ಏಳರ ಮಗ್ಗಿ ಹೇಳಿಸುತ್ತಿದ್ದಳು. ಮೇಜಿನ ಕೆಳಗೆ ಯಾರೋ ಹಲಗೆಗೆ ಬರೆಯುವ ಖಡು ತಿನ್ನುತ್ತಿದ್ದರು. ಮೂತಿಯೆಲ್ಲ ಬಿಳಿ.

"ಇದು ಯಾರು ನೀಲಾಬಾಯಿ? ಮೊದಲನೇ ದಿನವೇ ಹೀಗೇನು?"

"ಮೊದಲನೇ ಭಾಗ ಅಷ್ಟೇರಿ" ಎಂದಳು ನೀಲಾ, ಬೆವರೊರೆಸಿಕೊಳ್ಳುತ್ತ. "ನಾಲ್ಕೂ ಇಪ್ಪತ್ತಕ್ಕೆ ಮುಗೀತದ."

ಹೆಡ್ ಬಾಯಿಯವರಿಗೆ ಏನೂ ತಿಳಿಯಲಿಲ್ಲ. ಆದರೆ ನಾಲ್ಕೂ ಇಪ್ಪತ್ತೈದಕ್ಕೆ ಸರಿಯಾಗಿ ಗೇಟಿನಲ್ಲಿ ಹಸಿರು ಕರವಸ್ತ್ರ ಆಡಿತು. ನೀಲಾ ಕೂಸನ್ನೆತ್ತಿಕೊಂಡು ಓಡಿದಳು.

ಮುರಿಗೆಪ್ಪನವರ ಮುಖ ಅರಳಿತ್ತು. ಚನ್ನವ್ವನ ಕೈಯಲ್ಲಿ ಹೊಸ ಚುರುಮುರಿ.

"ಈಗ ಕತಿ ಪೂರಾ ಆತು ನೋಡವಾ" ಎಂದರು ಅವರು, ಮೊಮ್ಮಗನನ್ನು ಹೆಗಲಿಗೆ ಹಾಕಿಕೊಳ್ಳುತ್ತ. "ಮೊದಲ ಜಗಳಾಡಿ ಹಡಗಾ ಹತ್ತಿದ್ರು. ಆಮ್ಯಾಲ ಬಂದು ಸೊಸೆಯಂದಿರ ಕೂಡ ಎಷ್ಟ ಆರಾಮ ಅದಾರ ಅಂತಿ! ಮೊಮ್ಮಕ್ಕಳು, ಕೇರಂ, ಉಪ್ಪಿನಕಾಯಿ... ಮುಕ್ತಾಯ ಅಂದ್ರ ಹಿಂಗಿರಬೇಕು."

ನೀಲಾ ಮಗನ ಮೂತಿಯ ಬಿಳಿಯನ್ನು ಸೆರಗಿನಿಂದ ಒರೆಸಿದಳು.

"ಆದ್ರ ಆ ಸಿನೆಮಾ ತಗದವ್ರಿಗೆ ಅಕ್ಕಲ್ ಇಲ್ಲ" ಎಂದು ತಿರುಗಿ ಹೊರಟ ಸ್ಟೇಷನ್ ಮಾಸ್ತರರು ಹೇಳಿದರು. "ಎರಡನೇ ಭಾಗಾ ಮೊದಲ ಬಿಡಬೇಕಾಗಿತ್ತು."