ನೂರರಿಂದ ಕಳೆಯುತ್ತಾ ಕೊಟ್ಟ ತೀರ್ಪು

ಆ ಶುಕ್ರವಾರದಲ್ಲಿ ವಿಶೇಷವೇನೂ ಇರಲಿಲ್ಲ. ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ನನ್ನ ಹೆಂಡತಿ ವಸಂತಿ ಬಂಗುಡೆಯ ಕಿವಿರು ಎತ್ತಿ ನೋಡಿ, ಎರಡು ಅಂಗಡಿಗಳನ್ನು ತಿರಸ್ಕರಿಸಿ, ಮೂರನೆಯದಕ್ಕೆ ಒಪ್ಪಿಗೆ ಕೊಟ್ಟಳು. ಮಧ್ಯಾಹ್ನ ನಾನು ಹೆಚ್ಚಿದ ನೀರುಳ್ಳಿ ನೋಡಿ, "ಇದು ನಮಗಾ, ದನಕ್ಕಾ?" ಎಂದು ವಿಚಾರಿಸಿದಳು. ಸಂಜೆ ದೋಹಾದ ನಮ್ಮ ಕರಾವಳಿ ಸಂಘದ ವಾರ್ಷಿಕೋತ್ಸವ. ವಿವಿಧ ವಿನೋದಾವಳಿ ಸ್ಪರ್ಧೆಗೆ ಅವಳೇ ತೀರ್ಪುಗಾರ್ತಿ. ಹನ್ನೊಂದು ವರ್ಷಗಳಿಂದಲೂ ಅವಳೇ. ನಾನು ಪಕ್ಕದ ಕುರ್ಚಿಯಲ್ಲಿ ಅವಳ ಕೈಚೀಲ ಹಿಡಿದು ಕುಳಿತು, ಆರನೆಯ ಐಟಂನಿಂದ ಹತ್ತನೆಯದರವರೆಗೆ ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಅವಳು ತಲೆನೋವೆಂದು ಮಲಗಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು ವೈದ್ಯರು. ಮೂರನೆಯ ದಿನ ಹೋದಳು.

ಇದನ್ನು ಮೊದಲೇ ಹೇಳಿ ಮುಗಿಸಿದ್ದೇನೆ. ಮುಂದಿನದ್ದಕ್ಕೆ ನೀವು ಧಾರಾಳವಾಗಿ ನಗಬಹುದು. ಸಂಘದವರು ಈಗಲೂ ನಗುತ್ತಿದ್ದಾರೆ.

ಒಂದು ವರ್ಷ ಕಳೆಯಿತು. ಸಂಘದ ಕಾರ್ಯದರ್ಶಿ ಫೆಲಿಕ್ಸ್ ಒಂದು ಸಂಜೆ ದೋಹಾ ಅಲ್ ಜದೀದಾದ ನಮ್ಮ ಮನೆಗೆ ಬಂದರು. ಈ ಸಲದಿಂದ ವಿನೋದಾವಳಿಯ ಮೊದಲ ಬಹುಮಾನ ವರ್ಷವರ್ಷ ಗೆದ್ದವರ ಕೈಗೆ ಹೋಗುವ ಒಂದು ಪರ್ಯಾಯ ಫಲಕ, ಅದಕ್ಕೆ ವಸಂತಿಯ ಹೆಸರು ಎಂದರು. ಚಹಾ ಮಾಡಲು ಒಳಗೆ ಹೋದೆ. ಚಹಾ ತಂದಿಟ್ಟಾಗ ಅವರು ಎರಡನೆಯ ವಿಷಯ ಹೇಳಿದರು.

"ಸದಾನಂದಣ್ಣ, ತೀರ್ಪು ನೀವೇ ಕೊಡ್ಬೇಕು."

ನನಗೆ ನೃತ್ಯ, ಸಂಗೀತ, ನಾಟಕ ಯಾವುದೂ ತಿಳಿಯದು ಎಂದು ಅವರಿಗೆ ವಿನಯದಿಂದ ವಿವರಿಸಿದೆ.

"ತಿಳಿಯುವವರೆಲ್ಲ ಸ್ಟೇಜಿನ ಮೇಲೆ ಇದ್ದಾರೆ ಮಾರಾಯ್ರೆ. ಇಲ್ಲದಿದ್ರೆ ಅವರ ಮಕ್ಕಳು ಇದ್ದಾರೆ. ಇಡೀ ಸಂಘದಲ್ಲಿ ಒಂದೇ ಒಂದು ಐಟಂಗೂ ಸಂಬಂಧ ಇಲ್ಲದ ಜನ ಅಂದ್ರೆ ನೀವೊಬ್ಬರೇ."

ಇಂಥ ಅರ್ಹತೆಯನ್ನು ಅಲ್ಲಗಳೆಯಲು ಯಾರಿಂದ ಸಾಧ್ಯ? ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿಕೆ ಹುಟ್ಟಿತು. ಫಲಕದ ಮೇಲಿರುವುದು ಅವಳ ಹೆಸರು. ಅವಳೇ ಅಲ್ಲಿ ಕುಳಿತಿದ್ದರೆ ಯಾರಿಗೆ ಕೊಡುತ್ತಿದ್ದಳೋ ಅವರ ಕೈಗೇ ಅದು ಹೋಗಬೇಕು. ಮೊದಲ ವರ್ಷವೇ ಎಡವಟ್ಟಾಗಿ, ಜನ ಆ ಹೆಸರು ಹೇಳಿ ಆಡಿಕೊಳ್ಳುವಂತಾಗಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಎರಡು ದಿನ ಯೋಚಿಸಿದ ಮೇಲೆ ಧೈರ್ಯ ಬಂತು. ನಾನೀಗ ಹಮದ್ ಬಂದರಿನಲ್ಲಿ ಸರಕು ಪರೀಕ್ಷೆಯ ಕೆಲಸದಲ್ಲಿದ್ದೇನೆ. ಕಂಟೈನರಿನ ಬಾಗಿಲು ತೆರೆದೊಡನೆ ಒಳಗೆ ನುಗ್ಗಿ, ಯಾವ ಪೆಟ್ಟಿಗೆ ಜಜ್ಜಿದೆ, ಯಾವುದು ಒದ್ದೆ, ಯಾವುದು ಹರಿದಿದೆ ಎಂದು ಬರೆಯುವುದು ನನ್ನ ಕರ್ತವ್ಯ. ಸರಕು ಪೂರ್ತಿ ಸರಿಯಾಗಿದೆ ಎಂದು ನಂಬಿ ಆರಂಭಿಸುವುದು, ಆಮೇಲೆ ಕಂಡ ಪೆಟ್ಟನ್ನೆಲ್ಲ ಕಳೆಯುತ್ತಾ ಹೋಗುವುದು. ಇಪ್ಪತ್ತಾರು ವರ್ಷಗಳಲ್ಲಿ ನನ್ನ ವರದಿಯನ್ನು ಯಾರೂ ಪ್ರಶ್ನಿಸಿಲ್ಲ. ಬಂಗುಡೆಯನ್ನೂ ಬೇರಿಂಗನ್ನೂ ಅಳೆದ ಪದ್ಧತಿಗೆ ಭರತನಾಟ್ಯ ದೊಡ್ಡದೇ?

ಕಚೇರಿಯ ನಮೂನೆಯಲ್ಲೇ ಒಂದು ಪಟ್ಟಿ ತಯಾರಿಸಿದೆ. ಪ್ರತಿ ಐಟಂಗೂ ಮೊದಲೇ ನೂರು ಅಂಕ. ನಂತರ ಕಳೆಯುವಿಕೆ. ಮಗಳು ಅನ್ವಿತಾ ಒಂಬತ್ತನೆಯ ತರಗತಿ. ತಾಯಿ ಹೋದ ಮೇಲೆ ಅವಳು ವೇದಿಕೆ ಹತ್ತಿಲ್ಲ. ಆದರೆ ನನ್ನ ಪಕ್ಕ ಕುಳಿತು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡಲು ಒಪ್ಪಿದಳು. ಪಕ್ಷಪಾತವಾಗಬಾರದೆಂದು ಹೆಸರು ಬರೆಯದೆ ಐಟಂ ನಂಬರ್ ಮಾತ್ರ ಹಾಕುವಂತೆ ಆಜ್ಞಾಪಿಸಿದೆ. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರಲ್ಲ, ಆ ಬಟ್ಟೆಯನ್ನು ನಾನೇ ಬಿಗಿಯಾಗಿ ಕಟ್ಟಿಕೊಂಡೆ!

ಕಾರ್ಯಕ್ರಮ ಶುರುವಾಯಿತು. ನಾನು ನಿದ್ದೆ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು.

ಮೊದಲನೆಯದು ಮಕ್ಕಳ ನೃತ್ಯ. ಬರೆದೆ: ಎಡಗಡೆಯ ಹುಡುಗಿಯ ಗೆಜ್ಜೆ ಸಡಿಲ, ಮಣಿ ಎರಡು ನಷ್ಟ, ಮೈನಸ್ ಆರು. ನಾಲ್ಕನೆಯದು ಹುಲಿವೇಷ. ಬರೆದೆ: ಬಾಲ ಅರ್ಧಕ್ಕೆ ಕಳಚಿದೆ, ಬಣ್ಣ ಬೆವರಿಗೆ ಕರಗಿದೆ, ಸರಕು ಒದ್ದೆ, ಮೈನಸ್ ಇಪ್ಪತ್ತು. ಇವೆಲ್ಲ ಆರಂಭದ ಪೆಟ್ಟುಗಳು; ಐಟಂ ಮುಗಿಯುವಷ್ಟರಲ್ಲಿ ಅರ್ಧದಷ್ಟು ಅಂಕ ಕಳೆದಿರುತ್ತಿದ್ದೆ. ಹೋಟೆಲಿನ ಅಡುಗೆಯವರೊಬ್ಬರು ಕೋಲುಗಳ ಮೇಲೆ ಆರು ತಟ್ಟೆಗಳನ್ನು ಏಕಕಾಲಕ್ಕೆ ತಿರುಗಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಮಾತ್ರ ಬಗ್ಗಿ, ಕೊನೆಯಲ್ಲಿ ಬಿದ್ದ ಒಂದು ತಟ್ಟೆಯ ಚೂರುಗಳನ್ನು ಎಣಿಸುತ್ತಿದ್ದೆ.

ಒಂಬತ್ತನೆಯದು ಜಾದೂ. ಬ್ಯಾಂಕಿನಲ್ಲಿ ಕೆಲಸ ಮಾಡುವ ವಾಲ್ಟರ್ ತನ್ನ ಹೆಂಡತಿಯನ್ನು ಪೆಟ್ಟಿಗೆಯೊಳಗೆ ಮಾಯ ಮಾಡುವವನಿದ್ದ. ಅದಕ್ಕೆ ಮೊದಲು ಪದ್ಧತಿಯಂತೆ, ಸಭೆಯಿಂದ ಯಾರಾದರೂ ಬಂದು ಪೆಟ್ಟಿಗೆ ಪರೀಕ್ಷಿಸಲಿ ಎಂದ. ನನ್ನ ಮುಖ ನೋಡಿ, ತೀರ್ಪುಗಾರರೇ ಬರಲಿ ಎಂದು ಗೌರವ ತೋರಿಸಿದ. ಇಂಥ ಹೊತ್ತಿನಲ್ಲಿ ಸಜ್ಜನರು ಪೆಟ್ಟಿಗೆಯನ್ನು ಒಮ್ಮೆ ತಟ್ಟಿ, ಎಲ್ಲ ಸರಿಯಿದೆ ಎಂದು ಕೈಮುಗಿದು ಇಳಿಯುತ್ತಾರೆ. ಅವನು ಕರೆದದ್ದು ಇಪ್ಪತ್ತಾರು ವರ್ಷ ಪೆಟ್ಟಿಗೆಗಳನ್ನೇ ಪರೀಕ್ಷಿಸಿದವನನ್ನು!

ಜೇಬಿನಿಂದ ಟಾರ್ಚ್ ತೆಗೆದೆ. ಸುತ್ತ ಬಂದೆ. ಬಗ್ಗಿ ನೋಡಿದೆ. ವಾಲ್ಟರ್ ಮೈಕನ್ನು ಪ್ರೀತಿಯಿಂದ ನನ್ನ ಬಾಯಿಗೆ ಹಿಡಿದ.

"ಹಿಂದಿನ ಹಲಗೆಗೆ ಬಿಜಾಗರಿ ಉಂಟು," ಎಂದೆ. "ಒಳಗಿನಿಂದ ತೆರೆಯುತ್ತದೆ. ಒಬ್ಬರು ಆರಾಮಾಗಿ ಹೊರಗೆ ಹೋಗಬಹುದು."

ವಾಲ್ಟರನ ಹೆಂಡತಿ ಒಂದು ಕಾಲು ಪೆಟ್ಟಿಗೆಯೊಳಗೆ ಇಟ್ಟಿದ್ದರು. ಅದನ್ನು ಮೆಲ್ಲಗೆ ಹೊರಗೆ ತೆಗೆದರು.

"ಅಣ್ಣ, ಅದು ಇರ್ಬೇಕು," ಎಂದು ವಾಲ್ಟರ್ ಪಿಸುಗುಟ್ಟಿದ.

"ಇರಬೇಕಾ? ಹಾಗಾದ್ರೆ ಅದನ್ನು ಬರೆಯುವುದಿಲ್ಲ," ಎಂದು ಅಭಯ ಕೊಟ್ಟೆ. ಅದೂ ಮೈಕಿನಲ್ಲೇ ಹೋಯಿತು.

ನಾನು ಕೆಳಗಿಳಿದು ಬಂದಾಗ ಅನ್ವಿತಾ ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾದೆ. ನಗುತ್ತಿದ್ದಳು.

ಹದಿಮೂರನೆಯವನು ಭಾಸ್ಕರ. ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಏಸಿ ಡಕ್ಟ್ ಮಾಡುವವನು, ಕಾರ್ಕಳದ ಕಡೆಯವನು, ಮಾತು ಕಡಿಮೆ. ಹಾಡುವುದೆಂದು ಹೆಸರು ಕೊಟ್ಟಿದ್ದ. ಅವನು ಪೆನ್‌ಡ್ರೈವಿನಲ್ಲಿ ತಂದ ಹಿನ್ನೆಲೆ ಸಂಗೀತ ಮೊಳಗಲೇ ಇಲ್ಲ. ನಮಸ್ಕಾರ ಎಂದ. ಕಾದ. ಧ್ವನಿಯವರ ಕಡೆ ನೋಡಿದ. ಪುನಃ ಕಾದ. ಕೊನೆಗೆ ಸಾರಿ ಎಂದು ಹೇಳಿ ಇಳಿದು ಹೋದ. ನಾನು ನಿಷ್ಪಕ್ಷಪಾತವಾಗಿ ಬರೆದೆ: ಅಂಗಿಯ ಒಂದು ಗುಂಡಿ ಇಲ್ಲ, ಮೈನಸ್ ಎರಡು. ಬೇರೆ ಪೆಟ್ಟು ಕಾಣಲಿಲ್ಲ. ನನ್ನ ಪಟ್ಟಿ ಬಂದ ಸರಕಿಗೆ ಮಾತ್ರ. ಬಾರದ ಸರಕನ್ನು ನೋಡಿಕೊಳ್ಳಲು ಬಂದರಿನಲ್ಲಿ ಬೇರೆ ವಿಭಾಗವಿದೆ.

ಕೊನೆಗೆ ಅನ್ವಿತಾ ಮೊತ್ತ ತೆಗೆದು ಹುಬ್ಬು ಗಂಟಿಕ್ಕಿದಳು.

"ಪಪ್ಪಾ, ಥರ್ಟೀನ್ ಯಾರು? ನೈಂಟಿ ಎಯ್ಟ್ ಉಂಟು. ಸೆಕೆಂಡ್ ಬಂದವರಿಗೆ ಸಿಕ್ಸ್ಟಿ ಒನ್ ಮಾತ್ರ."

"ಯಾರಾದರೇನು ಮಗಾ, ಅಂಕ ಮಾತಾಡಲಿ," ಎಂದು ಗಂಭೀರವಾಗಿ ಹೇಳಿ, ಲಕೋಟೆಗೆ ಅಂಟು ಹಚ್ಚಿ ಫೆಲಿಕ್ಸರ ಕೈಗೆ ಕೊಟ್ಟೆ.

ಫೆಲಿಕ್ಸ್ ವೇದಿಕೆಯ ಮೇಲೆ ಲಕೋಟೆ ಒಡೆದರು. ಅರವತ್ತೊಂದು ಅಂಕದ ಯಕ್ಷಗಾನದವರಿಗೆ ಎರಡನೆಯ ಬಹುಮಾನ ಕೊಟ್ಟರು. ಆಮೇಲೆ ನನ್ನ ಚೀಟಿಯನ್ನೂ ಕಾರ್ಯಕ್ರಮದ ಪಟ್ಟಿಯನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ನನ್ನನ್ನು ನೋಡಿದರು. ನಾನು ದೃಢವಾಗಿ ತಲೆಯಾಡಿಸಿದೆ. ವಸಂತಿಯ ಹೆಸರಿನ ಫಲಕ ಭಾಸ್ಕರನಿಗೆ ಎಂದು ಅವರು ಓದಿದರು.

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ. ಭಾಸ್ಕರ ತನ್ನ ಪೆನ್‌ಡ್ರೈವ್ ವಾಪಸು ಕೊಡಲು ಕರೆದರೆಂದು ತಿಳಿದು ವೇದಿಕೆಗೆ ಬಂದ. ಕೈಗೆ ಫಲಕ ಬಂತು. ಅದನ್ನು ಎದೆಗೆ ಹಿಡಿದುಕೊಂಡು ಎತ್ತ ನೋಡಬೇಕೆಂದು ತಿಳಿಯದೆ ನಿಂತ. ನನಗೆ ಆಗ ಅರ್ಥವಾಯಿತು. ಏನೂ ಮಾಡದವನಲ್ಲಿ ಕಳೆಯಲೂ ಏನೂ ಇರಲಿಲ್ಲ; ತೊಂಬತ್ತೆಂಟು ಬಂದದ್ದು ಹಾಗೆ.

ತಪ್ಪು ತಿದ್ದೋಣವೆಂದು ಫೆಲಿಕ್ಸರ ಬಳಿಗೆ ಓಡಿದೆ.

"ಖಲಾಸ್ ಸದಾನಂದಣ್ಣ," ಎಂದರು ಅವರು. "ಕೊಟ್ಟಾಯ್ತು. ಇನ್ನು ಎಳ್ಕೊಂಡ್ರೆ ಅವನ ಮರ್ಯಾದೆ ಹೋಗ್ತದೆ. ಮುಂದಿನ ವರ್ಷ ನೀವು ಪಾರ್ಕಿಂಗ್ ನೋಡ್ಕೊಳ್ಳಿ."

ಹೊರಗೆ ಭಾಸ್ಕರ ನನಗಾಗಿ ಕಾಯುತ್ತಿದ್ದ. ಅವನ ಕಂಪನಿಯ ಬಸ್ಸು ಗೇಟಿನಲ್ಲಿ ನಿಂತಿತ್ತು. ಬೇಗ ಹತ್ತಲೆಂದು ಚಾಲಕ ಯಲ್ಲಾ, ಯಲ್ಲಾ ಎಂದು ಕೂಗುತ್ತಿದ್ದ.

"ಅಣ್ಣ, ನಾನು ಹಾಡಲೇ ಇಲ್ಲ ಅಲ್ವಾ," ಎಂದ. "ಇದನ್ನು ನೀವೇ ಇಟ್ಕೊಳ್ಳಿ."

ತಪ್ಪು ನನ್ನದು, ಫಲಕ ನಿನ್ನದು, ಒಂದು ವರ್ಷ ಜೋಪಾನ ಮಾಡು ಎಂದೆ. ಅವನು ಫಲಕದ ಮೇಲಿನ ಹೆಸರನ್ನು ಬೆರಳಿನಿಂದ ಒರೆಸಿದ.

"ಅಕ್ಕ ಇದ್ದಿದ್ರೆ, ಮ್ಯೂಸಿಕ್ ಬೇಡ, ಹಾಗೇ ಹಾಡು ಅಂತ ಹೇಳ್ತಿದ್ರು. ಇಳೀಲಿಕ್ಕೆ ಬಿಡ್ತಿರ್ಲಿಲ್ಲ."

ಅವನು ಹೇಳಿದ್ದು ಸರಿ. ಹಾಗೆ ಹೇಳಲು ಕಲೆಯ ಜ್ಞಾನವೇನೂ ಬೇಕಿರಲಿಲ್ಲ. ಮುಂದಿನ ಸಾಲಿನಲ್ಲಿ ಪೆನ್ನು ಹಿಡಿದು ಕುಳಿತವನು ಬಾಯಿ ತೆರೆದರೆ ಸಾಕಿತ್ತು. ನಾನು ಗುಂಡಿ ಎಣಿಸುತ್ತಿದ್ದೆ. ಇಲ್ಲೇ ಈಗಲೇ ಹಾಡು ಎನ್ನುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವನು ಓಡಿದ.

ಮರುದಿನ ಬೆಳಿಗ್ಗೆ ಅನ್ವಿತಾ ತಿಂಡಿ ತಿನ್ನುತ್ತಾ ನನ್ನ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಹುಲಿ ಒದ್ದೆ ಎಂಬಲ್ಲಿಗೆ ಬರುವಾಗ ಇಬ್ಬರಿಗೂ ತಡೆಯಲಾಗಲಿಲ್ಲ. ಆ ಮನೆಯಲ್ಲಿ ನಾವು ಹಾಗೆ ನಕ್ಕು ವರ್ಷವಾಗಿತ್ತು. ಆಮೇಲೆ ಅವಳು ಹಾಳೆಯನ್ನು ತಿರುಗಿಸಿ, ಹಿಂಬದಿಯನ್ನೂ ಹುಡುಕಿದಳು.

"ಪಪ್ಪಾ, ಒಳ್ಳೇದು ಬರೀಲಿಕ್ಕೆ ಕಾಲಂ ಎಲ್ಲಿ?"

ಇರಲಿಲ್ಲ. ಇಪ್ಪತ್ತಾರು ವರ್ಷಗಳ ಅನುಭವಿ ಪರೀಕ್ಷಕ ಅದೊಂದನ್ನು ಮರೆತಿದ್ದ.

ಭಾಸ್ಕರನನ್ನು ಎರಡು ಸಲ ಮನೆಗೆ ಕರೆದೆ. ಎರಡು ಶುಕ್ರವಾರವೂ ಅವನಿಗೆ ಓವರ್‌ಟೈಮ್ ಇತ್ತು. ಸಂಘದವರು ಫಲಕದಲ್ಲಿ ವಸಂತಿಯ ಹೆಸರಿನ ಕೆಳಗೆ ಅವನ ಹೆಸರು ಕೆತ್ತಿಸಿ ಕೊಟ್ಟಿದ್ದಾರೆ. ಅವನ ಹಾಡನ್ನು ನಾನಿನ್ನೂ ಕೇಳಿಲ್ಲ.