ಹನ್ನೆರಡೂವರೆ ಸೈರನ್ನಿಗೆ ಕೆಳಬಯಲಿನವರ ಅರಿಕೆ

ಮಾರೇನಗುಟ್ಟ, ಬಂಗಾರಪೇಟೆ ತಾಲ್ಲೂಕು
೧೫ ಏಪ್ರಿಲ್ ೧೯೬೧

ಊರಿಗಾಂ ಕಡೆಯ ಗಣಿಯಲ್ಲಿ, ಬಾಯ್ಲರ್ ಮನೆಯ ಮಾಡಿನ ಮೇಲೆ ವಾಸವಾಗಿರುವ ಸೈರನ್ ಅವರ ಉನ್ನತ ಸನ್ನಿಧಾನಕ್ಕೆ,

ಮಾನ್ಯರೇ,

ಮೂರು ಮೈಲಿ ದೂರದಿಂದ ಕೈಮುಗಿದು, ಕಿವಿಯನ್ನು ತಮ್ಮ ದಿಕ್ಕಿಗೇ ಇಟ್ಟುಕೊಂಡು ಬರೆಯುತ್ತಿರುವ ಚಿಕ್ಕವೆಂಕಟಪ್ಪನ ನಮಸ್ಕಾರಗಳು. ತಮ್ಮ ಕಂಠ, ಅದಕ್ಕೆ ಆವಿ ಒದಗಿಸುವ ಕೊಳವೆ, ತಮ್ಮನ್ನು ಎಳೆಯುವ ಸರಪಳಿ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಮೇಲ್ಬಯಲಿನವರೆಲ್ಲ ಕ್ಷೇಮ. ಕೆಳಬಯಲಿನವರ ಕ್ಷೇಮ ತಮ್ಮ ಕೈಯಲ್ಲಿದೆ. ಕೈ ಇಲ್ಲದ ತಮಗೆ ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ತಾವು ಓದಲಾರಿರಿ ಎಂಬುದು ಗೊತ್ತಿರುವುದರಿಂದ ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ಓದಿದವರು ಯಾರಾದರೂ ತಮ್ಮ ಕೆಳಗೆ ನಿಂತು ಗಟ್ಟಿಯಾಗಿ ಹೇಳಲಿ, ತಾವು ಕೂಗದೆ ಇರುವ ಹೊತ್ತು ನೋಡಿ.

ನಾನು ಯಾರೆಂದು ತಮಗೆ ತಿಳಿದಿರಲಾರದು. ಹದಿನಾಲ್ಕನೇ ವಯಸ್ಸಿನಿಂದ ತಮ್ಮ ಗಣಿಯ ಲೈನ್ ಮನೆಗಳಿಗೆ ಸೌದೆ ಗಾಡಿ ಹೊಡೆದವನು. ಈಗ ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ನನ್ನದೇ ಸೌದೆ ಡಿಪೋ ಇದೆ, ಊರಿನ ಕೆಳಬಯಲಿನಲ್ಲಿ ಮುಕ್ಕಾಲು ಎಕರೆ ಗದ್ದೆ ಇದೆ. ತಕ್ಕಡಿ ಮುಂದೆ ಕುಳಿತು ಕುಳಿತು ಒಂದು ಚಟ ಹತ್ತಿದೆ: ಕಣ್ಣೆದುರು ಏನು ಹಾದುಹೋದರೂ ಬರೆದಿಟ್ಟುಕೊಳ್ಳುವುದು. ಸೌದೆ ಪುಸ್ತಕದ ಮುಂದಿನ ಹಾಳೆಗಳಲ್ಲಿ ಹುಣಿಸೆ, ಜಾಲಿ. ಹಿಂದಿನ ಹಾಳೆಗಳಲ್ಲಿ ನಮ್ಮೂರ ಕೆರೆಯ ನೀರು. ಈ ಅರಿಕೆ ಹಿಂದಿನ ಹಾಳೆಗಳಿಗೆ ಸೇರಿದ್ದು.

ನಮ್ಮ ಕೆರೆಗೆ ಇರುವುದು ಒಂದೇ ತೂಬು, ಒಂದೇ ಕಾಲುವೆ. ಕಾಲುವೆ ಮೊದಲು ಮೇಲ್ಬಯಲನ್ನು ಹಾದು ಆಮೇಲೆ ನಮ್ಮ ಕಡೆಗೆ ಬರುತ್ತದೆ. ತೂಬು ತೆಗೆದು ಮುಚ್ಚಿ, ನೀರನ್ನು ಇವರಿಂದ ಅವರಿಗೆ ತಿರುಗಿಸುವ ಹಕ್ಕು ನೀರಗಂಟಿ ಮುನಿಸ್ವಾಮಪ್ಪನ ಮನೆತನದ್ದು. ಅವನ ತಾತ ತನ್ನ ನೆರಳು ನೋಡಿ ಹೊತ್ತು ಹೇಳುತ್ತಿದ್ದನಂತೆ. ಆ ನೆರಳನ್ನು ನಂಬದ ಎರಡೂ ಬಯಲಿನವರು ವರ್ಷಕ್ಕೆ ಒಂದೆರಡು ಸಲ ಗುದ್ದಲಿ ಎತ್ತಿಕೊಳ್ಳುತ್ತಿದ್ದರಂತೆ. ಕೊನೆಗೆ ೧೯೩೮ರಲ್ಲಿ ಅಮಲ್ದಾರರು ಬಂದು ಅರಳಿಕಟ್ಟೆಯ ಮೇಲೆ ಕುಳಿತು, ಯಾರ ಮಾತಿಗೂ ಒಲಿಯದ ಪಂಚಾಯಿತಿದಾರ ಯಾರಿದ್ದಾರೆ ಎಂದು ಕೇಳಿದಾಗ, ಆ ಗಳಿಗೆಗೆ ಸರಿಯಾಗಿ ತಾವು ಕೂಗಿದಿರಿ. ಗಣಿಯ ವರ್ಕ್‌ಶಾಪಿನವರ ಮಧ್ಯಾಹ್ನದ ಊಟದ ಸೈರನ್, ಹನ್ನೆರಡು ಗಂಟೆ. ಅಮಲ್ದಾರರು ಬೆರಳೆತ್ತಿ ತೋರಿಸಿದರು, ಶಾನುಭೋಗರು ಛಾಪಾಕಾಗದದ ಮೇಲೆ ಬರೆದರು: "ಮಧ್ಯಾಹ್ನದ ಸೈರನ್ ಕೂಗುವ ತನಕ ನೀರು ಮೇಲ್ಬಯಲಿಗೆ, ಕೂಗಿದ ಮೇಲೆ ಹೊತ್ತು ಮುಳುಗುವ ತನಕ ಕೆಳಬಯಲಿಗೆ." ಹೆಬ್ಬೆಟ್ಟುಗಳು ಬಿದ್ದವು. ಒಂದು ಹನಿ ನೀರನ್ನೂ ಮುಟ್ಟದೆ, ಒಂದು ದಿನವೂ ಕೆಸರಿಗೆ ಇಳಿಯದೆ, ತಾವು ನಮ್ಮ ಕೆರೆಯ ಒಡೆಯರಾದಿರಿ. ಈ ಭಾಗ್ಯ ಯಾವ ಪಾಳೇಗಾರನಿಗೂ ಇಷ್ಟು ಸಲೀಸಾಗಿ ಸಿಕ್ಕಿರಲಾರದು.

ಇಪ್ಪತ್ತೆರಡು ವರ್ಷ ತಮ್ಮ ಆಳ್ವಿಕೆ ಸುಖವಾಗಿ ನಡೆಯಿತು. ಭಾನುವಾರ ವರ್ಕ್‌ಶಾಪಿಗೆ ರಜೆ, ತಮ್ಮ ಬಾಯಿಗೂ ರಜೆ. ಆ ದಿನ ಮುನಿಸ್ವಾಮಪ್ಪ ಅಂದಾಜಿನ ಮೇಲೆ ನೀರು ತಿರುಗಿಸುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಈ ಮಾರ್ಚಿ ಎರಡನೇ ತಾರೀಖು ತಾವು ಯಾರನ್ನೂ ಕೇಳದೆ, ಊರಿಗೆ ಒಂದು ಕಾರ್ಡೂ ಬರೆಯದೆ, ಹನ್ನೆರಡಕ್ಕೆ ಸುಮ್ಮನಿದ್ದು ಹನ್ನೆರಡೂವರೆಗೆ ಕೂಗಿದಿರಿ. ವರ್ಕ್‌ಶಾಪಿನವರ ಊಟ ಅರ್ಧ ಗಂಟೆ ಮುಂದಕ್ಕೆ ಹೋಯಿತು. ಅವರ ಹಸಿವು ಅವರಿಗೆ ಸೇರಿದ್ದು. ನಮ್ಮ ನೀರೂ ಅವರ ಊಟದ ಜೊತೆ ಮುಂದಕ್ಕೆ ಹೋಯಿತು ನೋಡಿ, ನನ್ನ ದೂರು ಅಲ್ಲಿದೆ.

ಅರ್ಧ ಗಂಟೆ ಎಂದರೆ ಎಷ್ಟು ಮಹಾ ಎಂದು ತಾವು ಕೇಳಬಹುದು. ಒಣಗಿದ ಕಾಲುವೆ ಮೊದಲು ತಾನು ಕುಡಿದು, ಆಮೇಲೆ ಒಂದೊಂದೇ ಮಡಿಗೆ ಕುಡಿಸುತ್ತಾ ಬರುತ್ತದೆ. ನಮ್ಮ ಕಡೆಯ ಕಟ್ಟಕಡೆಯ ಮಡಿ ಕದಿರಮ್ಮನದು. ಗಂಡ ಕುಪ್ಪುಸ್ವಾಮಿ ತಮ್ಮ ಗಣಿಯಲ್ಲಿ ಭೂಮಿಯೊಳಗಿನ ಕೆಲಸದವನು, ಗದ್ದೆ ಪೂರಾ ಅವಳ ಕೈಯಲ್ಲೇ. ನೀರು ಅವಳ ಮಡಿಗೆ ಮುಟ್ಟುವುದು ಹೊತ್ತು ಮುಳುಗಲು ಅರ್ಧ ಗಂಟೆ ಇರುವಾಗ. ಆದ್ದರಿಂದ ತಾವು ಕಿತ್ತುಕೊಂಡ ಅರ್ಧ ಗಂಟೆ ನಮ್ಮೆಲ್ಲರಿಗೂ ಹಂಚಿಹೋಗಲಿಲ್ಲ, ಪೂರ್ತಿ ಅವಳೊಬ್ಬಳದೇ. ಅವಳ ಭತ್ತ ಈಗ ತಾನೇ ಹೊಡೆ ಬಿಚ್ಚಿ ತೆನೆ ತೆಗೆಯುತ್ತಿದೆ. ಈಗ ನೀರು ತಪ್ಪಿದರೆ ತೆನೆ ಬರುತ್ತದೆ, ಒಳಗೆ ಕಾಳಿರುವುದಿಲ್ಲ.

ನಾವು ಹೋಗಿ ಮೇಲ್ಬಯಲಿನ ಯಜಮಾನ ಆದಿನಾರಾಯಣನನ್ನು ಕೇಳಿದೆವು. ಅವನು ಪೆಟ್ಟಿಗೆಯಿಂದ ಆ ಹಳೆಯ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ನಮ್ಮ ಮುಂದೆ ಹರಡಿದ.

"ಏನ್ ಬರ್ದೈತೆ? ಸೈರನ್ ಅಂತ ಬರ್ದೈತೆ. ಅನ್ನೆರಡು ಅಂತ ಐತಾ? ತೋರ್ಸು ನೋಡಾನ."

ಇರಲಿಲ್ಲ. ಇಪ್ಪತ್ತೆರಡು ಹೆಬ್ಬೆಟ್ಟು ಒತ್ತುವಾಗ ಗಂಟೆ ಬರೆಸಬೇಕೆಂದು ಒಬ್ಬನಿಗೂ ಹೊಳೆದಿರಲಿಲ್ಲ. ಸೂರ್ಯ ಸುಳ್ಳು ಹೇಳಿಯಾನು, ಗಣಿಯ ಸೈರನ್ ಹೇಳದು ಎಂಬ ನಂಬಿಕೆ ನಮ್ಮ ಹಿರಿಯರಿಗೆ. ಕದಿರಮ್ಮ ಮಾತ್ರ ಸುಮ್ಮನಿರಲಿಲ್ಲ.

"ಆದಿನಾರಾಯಣಣ್ಣಾ, ನನ್ ಬತ್ತಕ್ಕೆ ಓದಾಕೆ ಬರಾಕಿಲ್ಲ ಕಣಣ್ಣಾ. ಅದು ಕಾಗ್ದ ನೋಡ್ಕಂಡು ಬಾಯಾರಾಕಿಲ್ಲ."

"ನಾನೇನ್ ಮಾಡ್ಲವ್ವಾ? ಓಗಿ ಸೈರನ್ನ ಕೇಳು."

ಕಾಗದ ಹೊರಗೆ ಬಂದಮೇಲೆ ಅದರ ಹೊಟ್ಟೆಯಿಂದ ಮತ್ತಷ್ಟು ಕಾನೂನು ಹೊರಟಿತು. ಭಾನುವಾರ ತಾವು ಕೂಗುವುದಿಲ್ಲವಾದ್ದರಿಂದ ಭಾನುವಾರ ಪೂರ್ತಿ ನೀರು ಮೇಲ್ಬಯಲಿಗೇ ಎಂದಾಯಿತು. ತಾವು ಊರಿನ ಮೂಡಣಕ್ಕಿರುವುದರಿಂದ ಪಡುವಣ ಗಾಳಿ ಬೀಸಿದ ದಿನ ತಮ್ಮ ಕೂಗು ಮೇಲ್ಬಯಲಿನ ಒಂದು ಕಿವಿಗೂ ಬೀಳುವುದಿಲ್ಲ ಎಂದೂ ಆಯಿತು. ಅದೇ ಗಾಳಿಯಲ್ಲಿ ಆದಿನಾರಾಯಣನ ಹೆಂಡತಿ ಮನೆಯಿಂದ ಊಟಕ್ಕೆ ಕರೆದರೆ ಅವನಿಗೆ ಮೊದಲ ಕೂಗಿಗೇ ಕೇಳಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಳಿಯ ಬಾಬ್ತನ್ನು ಬಿಟ್ಟುಕೊಟ್ಟು, ಬರೆದಿಟ್ಟಿರುವುದನ್ನಷ್ಟೇ ಹೇಳುತ್ತೇನೆ: ಆರು ವಾರದಲ್ಲಿ ಮೂವತ್ತಾರು ಅರ್ಧ ಗಂಟೆ, ಮಧ್ಯಾಹ್ನಕ್ಕೆ ಆರು ಗಂಟೆಯ ಲೆಕ್ಕದಲ್ಲಿ ಮೂರು ಮಧ್ಯಾಹ್ನ, ಆರು ಭಾನುವಾರ, ಅಂದರೆ ಇನ್ನಾರು. ಒಟ್ಟು ಒಂಬತ್ತು ಮಧ್ಯಾಹ್ನದ ನೀರು ತಮ್ಮ ಬಾಯಿಂದ ನಮಗೆ ಬರಬೇಕು.

ಆದಿನಾರಾಯಣ ಹೇಳಿದಂತೆ ತಮ್ಮನ್ನೇ ಕೇಳಲು ನಾನು ಬಂದಿದ್ದೆ. ತಾವು ಎತ್ತರದಲ್ಲಿದ್ದಿರಿ. ಕೆಳಗೆ ತಮ್ಮ ಸರಪಳಿ ಹಿಡಿದಿದ್ದ ಪೆರುಮಾಳ್ ಎಂಬುವರು ನನ್ನ ಕಥೆ ಕೇಳಿ ಬಿಟ್ಟ ಬಾಯಿ ಬಿಟ್ಟುಕೊಂಡೇ ಇದ್ದರು.

"ಅಣ್ಣೇ, ನಾನ್ ಎಳಿತೀನಿ, ಜನ ಟಿಫನ್ ಕ್ಯಾರಿಯರ್ ಬಿಚ್ತಾರೆ, ಅಷ್ಟು ತಾನೇ ನಂಗೆ ಗೊತ್ತು. ಈ ಸಂಗು ಊದಿದ್ರೆ ನಿಮ್ಮೂರಲ್ಲಿ ತಣ್ಣಿ ತಿರುಗ್ತದಾ? ಅಯ್ಯಯ್ಯೋ! ಹಂಗಾದ್ರೆ ನಂಗೂ ಒಂದು ಮಡಿ ಬರಬೇಕಲ್ಲಾ!"

ಅವರ ಭಾಷೆಯಲ್ಲಿ ಸಂಗು ಎಂದರೆ ತಾವು, ತಣ್ಣಿ ಎಂದರೆ ನೀರು. ಅವರ ಬೇಡಿಕೆ ನ್ಯಾಯವಾದದ್ದೇ. ಆದ್ದರಿಂದ ನಮ್ಮ ಬೇಡಿಕೆಗಳನ್ನೂ ಅಷ್ಟೇ ನ್ಯಾಯವಾಗಿ ಮುಂದಿಡುತ್ತೇನೆ. ತಾವು ಹನ್ನೆರಡಕ್ಕೆ ನಮಗಾಗಿ ಒಂದು ಸಲ, ಹನ್ನೆರಡೂವರೆಗೆ ಅನ್ನಕ್ಕಾಗಿ ಇನ್ನೊಂದು ಸಲ ಕೂಗಬೇಕು. ಭಾನುವಾರದ ದಿನ ಬಾಯ್ಲರ್ ಆರಿದ್ದರೂ ಅಭ್ಯಾಸಬಲದಿಂದ ಒಮ್ಮೆ ಕೆಮ್ಮಿದರೂ ಸಾಕು. ಪಡುವಣ ಗಾಳಿಯ ದಿನ ತಾವು ಎದ್ದು ಊರ ಪಡುವಣಕ್ಕೆ ಹೋಗಿ ಅಲ್ಲಿಂದ ಕೂಗಿದರೆ ಉಪಕಾರ. ಇವು ಕಷ್ಟವೆನಿಸಿದರೆ ನೀರಗಂಟಿಯ ಕೆಲಸವನ್ನೇ ಒಪ್ಪಿಕೊಂಡು ನಮ್ಮೂರಿಗೆ ಬಂದುಬಿಡಿ. ನನ್ನ ಸೌದೆ ಗಾಡಿಗೆ ಹುಲ್ಲು ಹಾಸಿ ಕರೆತರುತ್ತೇನೆ, ಸುಗ್ಗಿಯಲ್ಲಿ ಮಡಿಗೊಂದು ಕಂತೆ ತಮಗೆ ಸಲ್ಲುತ್ತದೆ. ಆದರೆ ಕೆರೆಯ ಕೆಳಗೆ ನೀರಗಂಟಿ ಗದ್ದೆ ಮಾಡಕೂಡದು ಎಂಬ ನಿಯಮವಿದೆ, ಪೆರುಮಾಳ್ ಅವರಿಗೆ ತಾವೇ ತಿಳಿಹೇಳಬೇಕು.

ಇಷ್ಟರವರೆಗೆ ಬರೆದು ಮೊನ್ನೆ ಬುಧವಾರವೇ ಈ ಪತ್ರವನ್ನು ಕಳಿಸಬೇಕೆಂದಿದ್ದೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ತಾವು ಕೂಗಿದಿರಿ. ಕೂಗಿದವರು ನಿಲ್ಲಿಸಲೇ ಇಲ್ಲ.

ಹೊತ್ತಲ್ಲದ ಹೊತ್ತಿನಲ್ಲಿ ತಾವು ಹಾಗೆ ಉದ್ದಕ್ಕೆ ಕೂಗಿದರೆ ಏನರ್ಥವೆಂದು ನಮ್ಮೂರ ಎಮ್ಮೆಗಳಿಗೂ ಗೊತ್ತು. ಆದಿನಾರಾಯಣ ಕಾಗದ ಓದುವ ಹಾಗೆ ಓದಿದರೆ ಆ ಕ್ಷಣದಿಂದ ನೀರು ನಮ್ಮದು. ಕಾಗದ ಯಾರಿಗೂ ನೆನಪಾಗಲಿಲ್ಲ. ಮುನಿಸ್ವಾಮಪ್ಪ ತೂಬು ಮುಚ್ಚಿ, "ಇವತ್ತು ಯಾರ್ ನೀರೂ ಬ್ಯಾಡ, ಮೊದ್ಲು ಜನ ಮೇಲಕ್ ಬರ್ಲಿ" ಎಂದು ಕೂಗುತ್ತಾ ಓಡಿದ. ಕದಿರಮ್ಮ ಕೆಸರುಗಾಲಲ್ಲೇ ಓಡಿದಳು. ಅವಳ ಮುಂದೆ ಆದಿನಾರಾಯಣ ಓಡುತ್ತಿದ್ದ. ಅವನ ಎರಡನೇ ಮಗ ಕುಪ್ಪುಸ್ವಾಮಿಯ ಜೊತೆ ಅದೇ ಪಾಳಿಯಲ್ಲಿ ಒಳಗಿದ್ದ. ಕಲ್ಲು ಕುಸಿದು ದಾರಿ ಕಟ್ಟಿತ್ತು. ಗೇಟಿನ ಹೊರಗೆ ಮೇಲ್ಬಯಲು ಕೆಳಬಯಲು ಒಂದೇ ನೆರಳಲ್ಲಿ ನಾಲ್ಕು ಗಂಟೆಯ ತನಕ ನಿಂತಿತ್ತು. ಆಮೇಲೆ ಜನರನ್ನು ಎತ್ತುವ ಕೇಜು ಮೇಲೆ ಬಂತು. ಎಲ್ಲರೂ ಇದ್ದರು. ಕುಪ್ಪುಸ್ವಾಮಿಯ ಮಂಡಿ ತರಚಿತ್ತು, ಆದಿನಾರಾಯಣನ ಮಗನ ಒಂದು ಚಪ್ಪಲಿ ಕಳೆದಿತ್ತು.

ಹಿಂದಿರುಗುವ ದಾರಿಯಲ್ಲಿ ಆದಿನಾರಾಯಣ ಮಗನ ಕೈ ಹಿಡಿದೇ ನಡೆದ. ಕೆರೆ ಏರಿ ಹತ್ತುವಾಗ ಹೇಳಿದ: "ಮುನಿಸ್ವಾಮಪ್ಪಾ, ತೂಬು ತೆಗಿ. ಪೂರಾ ಕೆಳೀಕ್ ಓಗ್ಲಿ. ಬೆಳಿಗ್ಗೆ ಗಂಟ ಮುಚ್ಬ್ಯಾಡ."

ಬೆಳಗಾಗುವಷ್ಟರಲ್ಲಿ ಕದಿರಮ್ಮನ ಮಡಿಯಲ್ಲಿ ನೀರು ಬದುವಿನ ಅಂಚು ಮುಟ್ಟಿತ್ತು. ಆದಿನಾರಾಯಣ ಕಾಗದ ಕಂಕುಳಲ್ಲಿ ಇಟ್ಟುಕೊಂಡು ತೂಬಿನ ಬಳಿ ಹಾಜರಾಗಿದ್ದ. "ನೆನ್ನೆ ಮಾತು ನೆನ್ನೇಗೆ ಆಯ್ತು. ಇವತ್ತಿಂದ ಮತ್ತೆ ಕಾಗ್ದ." ಈ ಮನುಷ್ಯನನ್ನು ಬೈಯಲು ಕುಳಿತರೆ ನನಗೆ ಈಗ ಮಾತು ಪೂರ್ತಿಯಾಗುವುದಿಲ್ಲ.

ಆ ರಾತ್ರಿ ಬಂದ ನೀರು ಒಂಬತ್ತರಲ್ಲಿ ಎರಡು ಮಧ್ಯಾಹ್ನಕ್ಕೆ ಸಮ. ಪುಸ್ತಕ ತೆರೆದು ಬರೆಯಹೊರಟೆ. ಯಾರಿಂದ ಬಂತು ಎಂಬ ಕಡೆ ತಮ್ಮ ಹೆಸರು ಬರೆಯಲು ಕೈ ಬರಲಿಲ್ಲ. ಆ ಸಾಲು ಹಾಗೇ ಬಿಟ್ಟಿದ್ದೇನೆ.

ಆದ್ದರಿಂದ ಮಾನ್ಯರೇ, ಮೇಲಿನ ಬೇಡಿಕೆಗಳಲ್ಲಿ ಒಂದೂ ನಡೆಯದಿದ್ದರೂ ಇದೊಂದನ್ನು ನಡೆಸಿಕೊಡಿ. ತಾವು ಹನ್ನೆರಡೂವರೆಗೇ ಕೂಗಿ, ಒಂದಕ್ಕೇ ಕೂಗಿ, ಭಾನುವಾರ ನಿದ್ದೆ ಮಾಡಿ. ಗುರುವಾರದ ಆ ಕೂಗನ್ನು ಮಾತ್ರ ಇನ್ನು ಎಂದೂ ಕೂಗಬೇಡಿ. ಅದರಿಂದ ನಮ್ಮ ಕಡೆಯ ಮಡಿಯ ತನಕ ನೀರು ಬಂತು ಎಂಬುದನ್ನು ತಿಳಿದೂ, ಬರೆದಿಟ್ಟುಕೊಂಡೂ ಹೇಳುತ್ತಿದ್ದೇನೆ.

ತಮ್ಮ ಕೂಗಿಗೆ ಕಿವಿಗೊಟ್ಟೇ ಬಾಳುತ್ತಿರುವ,
ತಮ್ಮ ವಿಶ್ವಾಸಿ
ಚಿಕ್ಕವೆಂಕಟಪ್ಪ
ಕೆಳಬಯಲಿನವರ ಪರವಾಗಿ

ಮ.ವಿ.: ಲಕೋಟೆಗೆ ಅಂಟು ಹಾಕುವ ಮೊದಲು ತಿಳಿಸಬೇಕಾದ ಸಂಗತಿ. ಭಾನುವಾರ ಊರೆಲ್ಲ ಕೂತು ತಮ್ಮನ್ನು ಕೆಲಸದಿಂದ ಬಿಡಿಸಿದೆವು. ನೀರಗಂಟಿಯ ನೆರಳು ಅವನ ಕಾಲಡಿಗೆ ಬಂದಾಗ ನೀರು ಕೆಳಬಯಲಿಗೆ ಎಂದು ಹೊಸ ಛಾಪಾಕಾಗದ ಆಯಿತು. ಆದಿನಾರಾಯಣ ಕೇಳಿದ ಕೂಡಲೇ ಒಪ್ಪಿದ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಸೋಮವಾರ ಮುನಿಸ್ವಾಮಪ್ಪ ತನ್ನ ನೆರಳಿನ ಮೇಲೆ ನಿಂತ, ನೀರು ಬಂತು, ಕದಿರಮ್ಮನ ಮಡಿಗೂ ಬಂತು, ಅವಳ ತೆನೆಯಲ್ಲಿ ಹಾಲು ಕಟ್ಟುತ್ತಿದೆ. ಮಂಗಳವಾರ ಬೆಳಗಿನಿಂದ ಮೋಡ. ಒಂದು ಹನಿ ಮಳೆಯಿಲ್ಲ, ಒಂದು ಎಳೆ ಬಿಸಿಲಿಲ್ಲ. ಆದಿನಾರಾಯಣ ತೂಬಿನ ಬಳಿ ಕನ್ನಡಕ ಹಾಕಿಕೊಂಡು ನಿಂತು, "ನೆರಳೆಲ್ಲೈತೆ? ತೋರ್ಸು ನೋಡಾನ" ಅಂದ. ಕಾಗದದಲ್ಲಿ ಮೋಡದ ಮಾತೇ ಇಲ್ಲ, ಈ ಸಲ ಬರೆದವನು ನಾನೇ. ಆದಕಾರಣ ತಮ್ಮನ್ನು ಮೋಡದ ದಿನಗಳ ಮಟ್ಟಿಗೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ. ಹನ್ನೆರಡಕ್ಕೆ ಸರಿಯಾಗಿ ಹಾಜರಿರತಕ್ಕದ್ದು.