ಆಚೆ ಬದಿಯಿಂದ ಹಾದುಹೋಗುವ ಕ್ರಮ

ಸುವಾರ್ತೆಯನ್ನು ಕೇಳುವುದು ಬೇರೆ, ಜಾರಿಗೆ ತರುವುದು ಬೇರೆ. ಈ ಮಾತನ್ನು ನಮ್ಮ ಸಭೆಯು ಸರ್ವಾನುಮತದಿಂದ ಅಂಗೀಕರಿಸಿದೆ.

ಅಂಗೀಕಾರಕ್ಕೆ ಕಾರಣರಾದವರು ಸಭಾಪಾಲಕರು. ಒಂದು ಭಾನುವಾರ ಪ್ರಸಂಗದ ನಡುವೆ ಅವರು ಕನ್ನಡಕ ತೆಗೆದು, "ಸುವಾರ್ತೆಯ ಸಾಮ್ಯಕಥೆಗಳನ್ನು ಕೇಳಿ ಕೇಳಿ ನಿಮ್ಮ ಕಿವಿ ಸವೆದಿದೆ, ಕೈ ಮಾತ್ರ ಹೊಚ್ಚಹೊಸದಾಗಿಯೇ ಇದೆ" ಎಂದರು. ಸಭೆಯು ಈ ಟೀಕೆಯನ್ನು ಗಂಭೀರವಾಗಿ ಪರಿಗಣಿಸಿತು. ಪರಿಗಣಿಸಿ, ಮಾಡಬೇಕಾದುದನ್ನು ಮಾಡಿತು. ಸಮಿತಿ ರಚಿಸಿತು.

ಸಮಿತಿಯ ಹೆಸರು ಸಾಮ್ಯ ಅನುಷ್ಠಾನ ಸಮಿತಿ. ಅಧ್ಯಕ್ಷರು ಕಟ್ಟಡ ಗುತ್ತಿಗೆದಾರರು. ದೇವಾಲಯದ ಗೋಪುರಕ್ಕೆ ಬಣ್ಣ ಹೊಡೆಸುವ ಗುತ್ತಿಗೆಯೂ ಅವರದೇ. ಆದ್ದರಿಂದ ಅವರು ಹೇಗೂ ಆವರಣದಲ್ಲೇ ಇರುತ್ತಾರೆ ಎಂಬುದು ಆಯ್ಕೆಗೆ ಆಧಾರ. ಔಷಧಿ ಅಂಗಡಿಯವರು, ಗಾಯನವೃಂದದ ಮೇಷ್ಟ್ರು ಮತ್ತು ಇತರ ಹಿರಿಯರು ಸದಸ್ಯರು.

ಸಮಿತಿಯ ಮೊದಲ ಪ್ರಯತ್ನ ಸಾಸಿವೆ ಕಾಳು. ಕುಂಡವೊಂದರಲ್ಲಿ ಬಿತ್ತಲಾಯಿತು. ಗಿಡ ಮೊಣಕಾಲೆತ್ತರ ಬಂತು. ಆಕಾಶದ ಹಕ್ಕಿಗಳು ಬಂದು ಕೊಂಬೆಗಳಲ್ಲಿ ನೆಲೆಸಬೇಕೆಂಬುದು ಸಾಮ್ಯದ ಷರತ್ತು. ಒಂದು ಕಾಗೆ ಕುಂಡದ ಅಂಚಿನಲ್ಲಿ ಕುಳಿತು, ಗಿಡವನ್ನು ನೋಡಿ, ಎದ್ದುಹೋಯಿತು. ಸಮಿತಿಯು ಅದನ್ನು ನೆಲೆಸಿದಂತೆಯೇ ಎಂದು ತೀರ್ಮಾನಿಸಿತು.

ಎರಡನೆಯದು ಹತ್ತು ಮಂದಿ ಕನ್ಯೆಯರ ಸಾಮ್ಯ; ಅದಕ್ಕೆ ಐವರು ಬುದ್ಧಿವಂತೆಯರು, ಐವರು ಬುದ್ಧಿಯಿಲ್ಲದವರು ಬೇಕು. ಐವರು ಬುದ್ಧಿವಂತೆಯರು ಸುಲಭವಾಗಿ ದೊರೆತರು. ಬುದ್ಧಿಯಿಲ್ಲದ ಐವರು ದೊರೆಯಲಿಲ್ಲ. ಸಭೆಯ ತಾಯಂದಿರನ್ನು ವಿಚಾರಿಸಲಾಗಿ, ಎಲ್ಲರ ಮಗಳೂ ಬುದ್ಧಿವಂತೆಯೇ ಎಂದು ತಿಳಿದುಬಂತು. ಬುದ್ಧಿಯಿಲ್ಲದವರು ಸೊಸೆಯರು ಮಾತ್ರ, ಅವರು ಕನ್ಯೆಯರಲ್ಲ. ಸಾಮ್ಯವನ್ನು ಕೈಬಿಡಲಾಯಿತು.

ಮೂರನೆಯದು ಸಮಾರ್ಯದವನ ಸಾಮ್ಯ. ತಿಳಿಯದವರಿಗಾಗಿ ಅದರ ಸಾರ: ದಾರಿಹೋಕನೊಬ್ಬನನ್ನು ಕಳ್ಳರು ಹೊಡೆದು ಅರೆಜೀವ ಮಾಡಿ ಬಿಟ್ಟುಹೋದರು. ಒಬ್ಬ ಯಾಜಕನು ಕಂಡು, ಆಚೆ ಬದಿಯಿಂದ ಹಾದುಹೋದನು. ದೇವಾಲಯದ ಸೇವೆಯ ಲೇವಿಯನೊಬ್ಬನೂ ಹಾಗೆಯೇ ಹೋದನು. ಮೂರನೆಯವನು ಸಮಾರ್ಯದವನು, ಊರವರು ಕೀಳಾಗಿ ಕಾಣುತ್ತಿದ್ದ ಹೊರಗಿನವನು. ಅವನು ನಿಂತನು, ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಕಟ್ಟಿದನು, ತನ್ನ ವಾಹನದ ಮೇಲೆ ಕೂರಿಸಿ ಕರೆದೊಯ್ದನು. ನೀವೂ ಹಾಗೆ ಮಾಡಿರಿ ಎಂಬುದು ಆದೇಶ.

ಪಾತ್ರ ಹಂಚಿಕೆಗಾಗಿ ಸಮಿತಿಯು ಸಭಾಪಾಲಕರ ಸಮ್ಮುಖದಲ್ಲಿ ದೇವಾಲಯದ ಪಕ್ಕದ ಕೊಠಡಿಯಲ್ಲಿ ಸೇರಿತು. ಸಮಾರ್ಯದವನ ಸ್ಥಾನಕ್ಕೆ ಎಲ್ಲರೂ ಕೈ ಎತ್ತಿದರು. ಯಾಜಕ ಮತ್ತು ಲೇವಿಯ ಸ್ಥಾನಗಳಿಗೆ ಒಂದು ಕೈಯೂ ಏಳಲಿಲ್ಲ.

"ಬ್ಯಾಂಡೇಜು ಇರೋದು ನನ್ ಅಂಗಡೀಲಿ. ಇದರಲ್ಲಿ ಮಾತಾಡೋಕೆ ಏನಿದೆ?" ಎಂದರು ಔಷಧಿ ಅಂಗಡಿಯವರು.

"ಬ್ಯಾಂಡೇಜು ಹೊತ್ಕೊಂಡು ಹೋಗುತ್ತೇನ್ರಿ? ವಾಹನ ಬೇಕು. ನನ್ ಹತ್ರ ಲಾರಿ ಇದೆ" ಎಂದರು ಗುತ್ತಿಗೆದಾರರು.

"ಲಾರಿ ತುಂಬ ಮರಳು ಇದೆಯಲ್ಲ" ಎಂದರು ಮೇಷ್ಟ್ರು.

"ಗಾಯಾಳುಗೆ ಮೆತ್ತಗಿರುತ್ತೆ ಬಿಡಿ."

ಚರ್ಚೆ ಈ ಹಂತದಲ್ಲಿದ್ದಾಗ ಹೊರಗೆ ಸದ್ದಾಯಿತು. ಗೇಟಿನ ಪಕ್ಕದ ಗೋಪುರಕ್ಕೆ ಬಣ್ಣ ಹೊಡೆಯುತ್ತಿದ್ದ ಪೇಂಟರ್ ಏಣಿಯ ಮೆಟ್ಟಿಲು ಮುರಿದು ಬಿದ್ದಿದ್ದನು. ಬಿದ್ದದ್ದು ಸರಿಯಾಗಿ ಗೇಟಿನಲ್ಲಿ. ಸೊಂಟದಿಂದ ಮೇಲೆ ಆವರಣದೊಳಗೆ, ಕಾಲುಗಳು ಬೀದಿಯಲ್ಲಿ. ಬಲಗಾಲು ಕಾಲು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ.

ಸಮಿತಿಯು ಹೊರಗೆ ಬಂದು ನೋಡಿತು.

"ದೇವರೇ ಒದಗಿಸಿದ" ಎಂದು ಔಷಧಿ ಅಂಗಡಿಯವರು ಅಂಗಿಯ ತೋಳು ಮಡಚಿ ಬಗ್ಗಿದರು.

"ಮುಟ್ಟಬೇಡಿ!" ಎಂದರು ಗುತ್ತಿಗೆದಾರರು. "ಮೊದಲಿಬ್ಬರು ಇನ್ನೂ ಹಾದುಹೋಗಿಲ್ಲ."

ಆಕ್ಷೇಪವು ಕ್ರಮಬದ್ಧವಾಗಿತ್ತು. ಔಷಧಿ ಅಂಗಡಿಯವರು ನೆಟ್ಟಗಾದರು.

"ಸಾರ್, ಕಾಲು..." ಎಂದನು ಪೇಂಟರ್.

"ನಿನ್ ಕಾಲಿಗೋಸ್ಕರಾನೇ ಕಣಪ್ಪ ಇಷ್ಟೆಲ್ಲ. ಸ್ವಲ್ಪ ಸುಮ್ನೆ ಮಲಗಿರು" ಎಂದರು ಗುತ್ತಿಗೆದಾರರು.

ಆತನ ಹೆಂಡತಿ ಎದುರು ಬದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು. ಇಸ್ತ್ರಿಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಓಡಿಬಂದಳು. ಗಂಡನ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದಳು. ಆತ ಕಿರುಚಿದನು. ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ.

"ಏನ್ರಿ, ಬೊಂಬೆ ಹಾಗೆ ನಿಂತಿದೀರಲ್ಲ ಎಲ್ಲರೂ? ಒಂದ್ ಕೈ ಹಾಕಿ!"

"ಹಾಕೋದೇ ತಾಯಿ. ಯಾರ ಕೈ ಅನ್ನೋದು ಚರ್ಚೇಲಿದೆ" ಎಂದರು ಔಷಧಿ ಅಂಗಡಿಯವರು.

"ಅಯ್ಯೋ ನಿಮ್ಮ! ಇರೋ ಕೈ ಹಾಕೋಕೆ ಚರ್ಚೆ ಯಾಕೆ?"

ಆಕೆಗೆ ಸಾಮ್ಯದ ಪರಿಚಯ ಇರಲಿಲ್ಲವೆಂದು ಸಮಿತಿಯು ಉತ್ತರಿಸಲಿಲ್ಲ. ಮೇಷ್ಟ್ರು ಅಷ್ಟರಲ್ಲಿ ಮೂಲಭೂತ ಪ್ರಶ್ನೆಯೊಂದನ್ನು ಎತ್ತಿದರು. ಸಾಮ್ಯದ ಗಾಯಾಳು ಕಳ್ಳರಿಂದ ಪೆಟ್ಟು ತಿಂದವನು. ಇವನು ತಾನಾಗಿ ಬಿದ್ದವನು. ಇವನು ಲೆಕ್ಕಕ್ಕೆ ಬರುತ್ತಾನೆಯೇ?

"ಕಳ್ಳರು ಬೇಕಾ ನಿಮಗೆ?" ಎಂದಳು ಪೇಂಟರನ ಹೆಂಡತಿ. "ಆ ಏಣಿ ನೋಡಿ. ಹುಳ ತಿಂದ ಮೆಟ್ಟಿಲಿನ ಮೇಲೆ ಬಣ್ಣ ಬಳಿದು ಕೊಟ್ಟೋರು ಯಾರು? ಬೇರೆ ಕೊಡಿ ಸಾರ್, ಬೇರೆ ಕೊಡಿ ಸಾರ್ ಅಂತ ಇವರು ಬಾಯಿ ಬಡ್ಕೊಂಡ್ರು. ಏಣಿ ಹತ್ತಿಸಿ ಕೈಬಿಡೋ ಜನಾನ ಕೇಳಿದ್ದೆ. ಏಣೀನೇ ಕೈಬಿಡೋ ಹಾಗೆ ಮಾಡಿದೋರನ್ನ ಇವತ್ತು ನೋಡಿದೆ."

ಎಲ್ಲರೂ ಗುತ್ತಿಗೆದಾರರ ಕಡೆ ತಿರುಗಿದರು. ಅವರ ಮುಖ ಕೆಂಪಾಯಿತು. ಅನಂತರ ಅವರು ಸಭಾಪಾಲಕರನ್ನು ಪಕ್ಕಕ್ಕೆ ಕರೆದರು.

"ಅಯ್ಯನವರೇ, ಆ ಕಳ್ಳರಿಗೆ ಕೊನೆಗೆ ಏನಾಯ್ತು?"

"ಏನೂ ಆಗಲಿಲ್ಲ. ಅವರ ಮಾತು ಮತ್ತೆ ಬರೋದೇ ಇಲ್ಲ."

"ಶಿಕ್ಷೆ?"

"ಉಲ್ಲೇಖ ಇಲ್ಲ."

"ಹಾಗಿದ್ರೆ ನನ್ನ ಅಭ್ಯಂತರ ಇಲ್ಲ" ಎಂದು ಅಧ್ಯಕ್ಷರು ಕಳ್ಳರ ಸ್ಥಾನವನ್ನು ಸ್ವೀಕರಿಸಿದರು. ಸ್ಥಳದ ಪ್ರಶ್ನೆಯೂ ಇತ್ಯರ್ಥವಾಯಿತು. ಗಾಯಾಳು ದಾರಿಯಲ್ಲಿ ಬಿದ್ದಿರಬೇಕು. ಮುರಿದಿರುವುದು ಕಾಲು, ಕಾಲು ದಾರಿಯಲ್ಲಿದೆ. ಉಳಿದ ಭಾಗವನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ.

ಈ ನಡುವೆ ತರಕಾರಿ ತಳ್ಳುಗಾಡಿಯವನೊಬ್ಬನು ಬಂದನು. "ಏನಾಯ್ತಕ್ಕ?" ಎಂದು ಕೇಳಿದನು. ಉತ್ತರಕ್ಕೆ ಕಾಯದೆ, ಗಾಡಿಯ ಎಲೆಕೋಸುಗಳನ್ನು ನೆಲಕ್ಕೆ ಇಳಿಸತೊಡಗಿದನು. ಗುತ್ತಿಗೆದಾರರು ಗಾಡಿಯ ಚಕ್ರಕ್ಕೆ ಕಾಲು ಅಡ್ಡ ಇಟ್ಟರು.

"ಏಯ್, ನಮ್ಮ ಸಭೆಯವನಾ ನೀನು?"

"ಅಲ್ಲ ಸಾರ್."

"ತರಬೇತಿ ಆಗಿದ್ಯಾ?"

"ಯಾವುದರಲ್ಲಿ?"

"ಕನಿಕರದಲ್ಲಿ."

"ಇಲ್ಲ ಸಾರ್. ನಾನು ಎಲೆಕೋಸು ಮಾರೋನು."

ಆತನಿಗೆ ಬದಿಯಲ್ಲಿ ನಿಲ್ಲುವಂತೆ ಸೂಚಿಸಲಾಯಿತು. ಕೈಯಲ್ಲಿ ಒಂದು ಎಲೆಕೋಸು ಹಿಡಿದು ನಿಂತನು.

ಇನ್ನು ಯಾಜಕನ ವಿಷಯ. ದೀಕ್ಷೆ ಪಡೆದವರು ಸಭಾಪಾಲಕರೊಬ್ಬರೇ. ಎಲ್ಲರೂ ಅವರನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ನಾನು ಹೇಗ್ರಯ್ಯಾ ಇವನನ್ನ ಬಿಟ್ಟುಹೋಗಲಿ?"

"ನೀವು ಬಿಟ್ಟುಹೋಗದೆ ಅವನಿಗೆ ಸಹಾಯ ಬರಲ್ಲ ಅಯ್ಯನವರೇ" ಎಂದರು ಔಷಧಿ ಅಂಗಡಿಯವರು. "ನೀವು ನಿಂತಷ್ಟೂ ಅವನಿಗೇ ಕಷ್ಟ. ಅವನ ಮೇಲೆ ಪ್ರೀತಿ ಇದ್ರೆ ಬೇಗ ಹೋಗಿ."

ಸಭಾಪಾಲಕರು ಒಂದು ನಿಮಿಷ ಪ್ರಾರ್ಥಿಸಿದರು. ಬೀದಿಯ ಆಚೆ ಬದಿಯಲ್ಲಿ ತೆರೆದ ಚರಂಡಿ ಇತ್ತು. ನಿಲುವಂಗಿಯನ್ನು ಎತ್ತಿ ಹಿಡಿದು, ಚರಂಡಿಯ ಅಂಚಿನಲ್ಲಿ ನಡೆದುಹೋದರು. ಆದರೆ ಇಸ್ತ್ರಿ ಅಂಗಡಿಯ ಬಳಿ ತಿರುಗಿ ನೋಡಿಬಿಟ್ಟರು. ಹಾದುಹೋಗುವ ಯಾಜಕನು ತಿರುಗಿ ನೋಡಿದ ದಾಖಲೆ ಇಲ್ಲ. ಅವರನ್ನು ಹಿಂದಕ್ಕೆ ಕರೆಸಿ ಮತ್ತೊಮ್ಮೆ ನಡೆಸಲಾಯಿತು. ಎರಡನೆಯ ಬಾರಿ ದೋಷವಿರಲಿಲ್ಲ. ಲೇವಿಯನಾಗಿ ಗಾಯನವೃಂದದ ಮೇಷ್ಟ್ರು ಬೆನ್ನು ನೆಟ್ಟಗಿಟ್ಟು ನಡೆದರು. ಅವರ ನಡಿಗೆ ಮಾದರಿಯಾಗಿತ್ತು.

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂದಳು ಹೆಂಡತಿ. ಗಂಡನ ಕಾಲು ಊದಿ, ಪ್ಯಾಂಟಿನ ಹೊಲಿಗೆ ಬಿಗಿದಿತ್ತು. ಆತನು ಈಗ ಮಾತಾಡುತ್ತಿರಲಿಲ್ಲ.

ಎಣ್ಣೆ ಮತ್ತು ದ್ರಾಕ್ಷಾರಸ ಉಳಿದವು. ಮುರಿದ ಮೂಳೆಗೆ ಎಣ್ಣೆ ಸಲ್ಲದು ಎಂದು ಔಷಧಿ ಅಂಗಡಿಯವರು ಅಭಿಪ್ರಾಯಪಟ್ಟರು. ದ್ರಾಕ್ಷಾರಸವು ಸಭೆಯ ಪಾನನಿಷೇಧ ನಿಯಮಕ್ಕೆ ವಿರುದ್ಧ. ಬದಲಿಗೆ ದ್ರಾಕ್ಷಿ ಶರಬತ್ತು ಆಗಬಹುದೆಂದು ಒಪ್ಪಲಾಯಿತು. ಶರಬತ್ತು ಔಷಧಿ ಅಂಗಡಿಯಲ್ಲಿತ್ತು. ಸಮಿತಿಯ ಸಭೆಯ ನಿಮಿತ್ತ ಅಂಗಡಿಯನ್ನು ಮುಚ್ಚಲಾಗಿತ್ತು. ಎರಡನ್ನೂ ಹಾಕಿದಂತೆಯೇ ಎಂದು ಭಾವಿಸಲಾಯಿತು.

ಕೊನೆಗೆ ಸಮಾರ್ಯದವನು. ಮತ್ತೆ ಎಲ್ಲರೂ ಕೈ ಎತ್ತಿದರು. ಚರಂಡಿ ದಾಟಿ ಹಿಂತಿರುಗಿದ್ದ ಸಭಾಪಾಲಕರು ಅರ್ಹತೆಯನ್ನು ನೆನಪಿಸಿದರು: "ಜನ ಕೀಳಾಗಿ ಕಾಣೋ ಮನೆತನದವನಾಗಿರಬೇಕು. ನಿಮ್ಮಲ್ಲಿ ಯಾರು?"

ಎತ್ತಿದ ಕೈಗಳೆಲ್ಲ ಇಳಿದವು.

"ಈ ದೇವಾಲಯಕ್ಕೆ ಗಂಟೆ ಕೊಟ್ಟಿದ್ದೇ ನಮ್ಮಜ್ಜ" ಎಂದರು ಔಷಧಿ ಅಂಗಡಿಯವರು.

"ಆ ಗಂಟೆಗೆ ಹಗ್ಗ ಕೊಟ್ಟಿದ್ದು ನಮ್ಮ ತಾತ. ಹಗ್ಗ ಇಲ್ದೆ ನಿಮ್ಮ ಗಂಟೆ ಬಾಯಿ ಬಿಡ್ತಿತ್ತಾ?" ಎಂದರು ಗುತ್ತಿಗೆದಾರರು.

ಎಲ್ಲರ ದೃಷ್ಟಿಯೂ ತಳ್ಳುಗಾಡಿಯವನ ಮೇಲೆ ಬಿತ್ತು.

"ಏನಪ್ಪಾ, ನಿನ್ನನ್ನ ಯಾರಾದ್ರೂ ಕೀಳಾಗಿ ನೋಡ್ತಾರಾ?" ಎಂದು ಗುತ್ತಿಗೆದಾರರು ಕೇಳಿದರು.

"ನೀವು ನೋಡ್ತಿದೀರಲ್ಲ ಸಾರ್."

"ಅಷ್ಟು ಸಾಕು."

ಚಕ್ರದಿಂದ ಕಾಲು ತೆಗೆಯಲಾಯಿತು. ತಳ್ಳುಗಾಡಿಯವನು ಹೆಗಲಿಗೆ ಕೈ ಹಾಕಿದನು, ಹೆಂಡತಿ ಸೊಂಟಕ್ಕೆ ಕೈ ಹಾಕಿದಳು. ಪೇಂಟರನನ್ನು ಗಾಡಿಯ ಮೇಲೆ ಮಲಗಿಸಿಕೊಂಡು ಇಬ್ಬರೂ ಆಸ್ಪತ್ರೆಯ ಕಡೆ ಓಡಿದರು. ರಸ್ತೆಯಲ್ಲಿ ಉಳಿದ ಎಲೆಕೋಸನ್ನು ಸಮಿತಿಯ ಸದಸ್ಯರು ಸಮನಾಗಿ ಹಂಚಿಕೊಂಡರು. ಸಾಮ್ಯದಲ್ಲಿ ಇದಕ್ಕೆ ನಿಷೇಧವಿಲ್ಲ.

ಬೇಗ ಬಂದಿದ್ದರೆ ಕಾಲು ಮೊದಲಿನಂತಾಗುತ್ತಿತ್ತು ಎಂದು ವೈದ್ಯರು ಹೇಳಿದರು. ಮೂಳೆ ಕೂಡಿತು, ಮೊಣಕಾಲು ಮಡಚುವುದಿಲ್ಲ. ಏಣಿ ಹತ್ತುವವನಿಗೆ ಮೊಣಕಾಲೇ ಬಂಡವಾಳ. ಗೋಪುರದ ಒಂದು ಮಗ್ಗುಲು ಬಿಳಿ, ಉಳಿದ ಮೂರು ಹಳೆಯ ಬಣ್ಣದಲ್ಲೇ ಉಳಿದವು.

ಸಮಿತಿಯು ಫಲಿತಾಂಶವನ್ನು ಪರಿಶೀಲಿಸಿತು. ಕನಿಕರ ತೋರಿದವನು ಹೊರಗಿನವನು. ಹೊರಗಿನವನಾಗಿರುವುದೇ ಆ ಸ್ಥಾನಕ್ಕೆ ಅರ್ಹತೆ. ನಮ್ಮ ಸದಸ್ಯರೆಲ್ಲರೂ ಮರ್ಯಾದಸ್ಥ ಮನೆತನದವರು. ಆದ್ದರಿಂದ ಸದಸ್ಯರಿಗೆ ಲಭ್ಯವಿರುವುದು ಮೊದಲ ಎರಡು ಸ್ಥಾನಗಳು ಮಾತ್ರ. ಆ ಸ್ಥಾನಗಳಲ್ಲಿ ಅಭ್ಯಾಸ ಸಾಲದೆಂಬುದು ಕಣ್ಣಾರೆ ಕಂಡ ವಿಷಯ. ಸ್ವತಃ ಸಭಾಪಾಲಕರು ತಿರುಗಿ ನೋಡಿದ್ದರು. ಈ ಕೆಳಗಿನ ಪ್ರಕಟಣೆ ಹೊರಟಿತು:

"ಇನ್ನು ಮುಂದೆ ಪ್ರತಿ ಭಾನುವಾರ ಆರಾಧನೆಯ ನಂತರ ಸದಸ್ಯರೆಲ್ಲರೂ ಬೀದಿಯ ಆಚೆ ಬದಿಯಿಂದ ಸಾಲಾಗಿ ಹಾದುಹೋಗತಕ್ಕದ್ದು. ಬಿದ್ದವರನ್ನು ಕಾಣತಕ್ಕದ್ದು, ನಿಲ್ಲತಕ್ಕದ್ದಲ್ಲ. ನಿಟ್ಟುಸಿರು ಒಂದಕ್ಕೆ ಮೀರತಕ್ಕದ್ದಲ್ಲ. ಮಕ್ಕಳು ಪ್ರಶ್ನೆ ಕೇಳಿದಲ್ಲಿ ಪೋಷಕರೇ ಹೊಣೆ."

ಆಚೆ ಬದಿಯ ಚರಂಡಿಗೆ ಕಲ್ಲುಚಪ್ಪಡಿ ಹಾಸಲಾಯಿತು. ಗುತ್ತಿಗೆ ಅಧ್ಯಕ್ಷರದೇ.

"ಅರ್ಥ ತಲೆಕೆಳಗಾಗಲಿಲ್ವೇನ್ರಯ್ಯಾ ಇದು?" ಎಂದು ಸಭಾಪಾಲಕರು ಒಮ್ಮೆ ಕೇಳಿದರು.

"ಅಯ್ಯನವರೇ, ಹಾದುಹೋದೋರು ಎಷ್ಟು ಜನ?" ಎಂದರು ಅಧ್ಯಕ್ಷರು.

"ಇಬ್ಬರು."

"ನಿಂತೋನು?"

"ಒಬ್ಬ."

"ಬಹುಮತ ಯಾರದು?"

ಮುಂದಿನ ಭಾನುವಾರ ಸಾಲಿನ ಮುಂದೆ ಸಭಾಪಾಲಕರೇ ಇದ್ದರು.

ಕೆಲವು ವಾರಗಳ ನಂತರ ಪೇಂಟರನ ಹೆಂಡತಿ ಸಮಿತಿಯ ಮುಂದೆ ಬಂದಳು. ದೇವಾಲಯದ ಕೆಲಸದಲ್ಲಿ ಗಂಡನ ಕಾಲು ಹೋಗಿದೆ, ಏಣಿ ಹತ್ತದೆ ಮಾಡುವಂಥ ಕೆಲಸ ಕೊಡಿ ಎಂಬುದು ಬೇಡಿಕೆ. ಇಸ್ತ್ರಿಯೊಂದರಿಂದ ಮನೆ ನಡೆಯುತ್ತಿಲ್ಲ ಎಂದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಕುಳಿತಿದ್ದ ಅಧ್ಯಕ್ಷರು, ಬೇಡಿಕೆಗೆ ಮೊದಲು ಒಂದು ಪ್ರಶ್ನೆ ಇದೆ ಎಂದರು.

"ಇದರಿಂದ ನೀನು ಕಲಿತ ಪಾಠ ಏನಮ್ಮ?"

ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಬೀಳೋದಿದ್ರೆ ಚರ್ಚಿಗೆ ದೂರ ಹೋಗಿ ಬೀಳ್ಬೇಕು ಅಂತ ಕಲ್ತೆ ಸಾರ್. ಮಕ್ಕಳಿಗೂ ಅದನ್ನೇ ಹೇಳ್ಕೊಟ್ಟಿದೀನಿ."

ಸಾಮ್ಯವೊಂದರಿಂದ ಹೀಗೆ ನೇರವಾಗಿ ಜಾರಿಗೆ ತರಬಹುದಾದ ನಿಯಮವನ್ನು ಅದುವರೆಗೆ ಯಾರೂ ಹೊರತೆಗೆದಿರಲಿಲ್ಲ. ಮೇಷ್ಟ್ರು ಅನುಮೋದಿಸಿದರು. ಔಷಧಿ ಅಂಗಡಿಯವರು, "ನೋಡಿ, ಮಕ್ಕಳಿಗೂ ಹೇಳ್ಕೊಟ್ಟಿದಾಳೆ" ಎಂದು ವಿಶೇಷವಾಗಿ ಮೆಚ್ಚಿದರು. ಗೇಟಿಗೆ ಫಲಕ ಹಾಕಲು ನಿರ್ಧರಿಸಲಾಯಿತು. ಫಲಕವನ್ನು ಕುರ್ಚಿಯಲ್ಲಿ ಕುಳಿತು ಬರೆಯಬಹುದು. ಆ ಕೆಲಸವನ್ನು ಆಕೆಯ ಗಂಡನಿಗೇ ಕೊಡಲಾಯಿತು. ಬೇಡಿಕೆಯೂ ಈಡೇರಿತು.

"ಏನ್ ಬರೀಬೇಕು ಅಂದ್ರು?" ಎಂದು ಪೇಂಟರ್ ಹೆಂಡತಿಯನ್ನು ಕೇಳಿದನು.

"ನಾನ್ ಬೈದಿದ್ದನ್ನ" ಎಂದಳು. "ದಪ್ಪಕ್ಷರದಲ್ಲಿ ಬರೀರಿ."

ಆತನು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಬಿಳಿಯ ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದನು: "ಬೀಳುವವರು ದೇವಾಲಯದಿಂದ ದೂರದಲ್ಲಿ ಬೀಳತಕ್ಕದ್ದು. ಇಲ್ಲಿ ಬಿದ್ದವರನ್ನು ಇಬ್ಬರು ಹಾದುಹೋಗುವ ತನಕ ಎತ್ತಲಾಗುವುದಿಲ್ಲ." ಅಕ್ಷರಗಳು ಅಂದವಾಗಿದ್ದವು.

ನಿಯಮದ ಪಾಲನೆ ತೃಪ್ತಿಕರವಾಗಿದೆ. ಕಳೆದ ಭಾನುವಾರ ಔಷಧಿ ಅಂಗಡಿಯವರ ಅತ್ತೆಗೆ ಗೇಟಿನ ಬಳಿ ತಲೆ ಸುತ್ತಿ ಬಂತು. ಆ ವೃದ್ಧೆ ಕಂಬ ಹಿಡಿದು ನಿಂತು, ಫಲಕವನ್ನು ಪೂರ್ತಿ ಓದಿದರು. ಅನಂತರ ಗೋಡೆ ಹಿಡಿದುಕೊಂಡು ಬೀದಿಯ ತಿರುವಿನವರೆಗೆ ನಡೆದುಹೋಗಿ, ಅಲ್ಲಿ ಬಿದ್ದರು. ಅಳಿಯನಾದ ಔಷಧಿ ಅಂಗಡಿಯವರು ಆ ಹೊತ್ತಿಗೆ ಆಚೆ ಬದಿಯ ಸಾಲಿನಲ್ಲಿದ್ದರು. ಕಂಡರು, ನಿಲ್ಲಲಿಲ್ಲ. ನಿಟ್ಟುಸಿರು ಒಂದೇ.